ಕಂಬದ ಹಿಂದಿನ ಮರಳು ಚೀಲ

ಮಂಗಳವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಠಾಣೆಗೆ ಬಂದ ಮಕ್ಕಳ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ, ಕುರ್ಚಿ ಎಳೆದುಕೊಳ್ಳುವ ಮೊದಲೇ ಗೋಳು ತೋಡಿಕೊಂಡ. ಯಾರೋ ಮೈದಾನದ ಗೋಲುಕಂಬಗಳನ್ನು ಗರಗಸದಿಂದ ಕೊಯ್ದು ಹಾಕಿದ್ದರು.

"ಯಾರ ಮೇಲಾದ್ರೂ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಭಾನುವಾರದ ಮ್ಯಾಚಲ್ಲಿ ಸೋತ ಟೀಮಿನವ್ರೇ ಸಾರ್. ಇನ್ಯಾರಿಗಿರತ್ತೆ ಇಂಥ ಹೊಟ್ಟೆಕಿಚ್ಚು?"

ಎಫ್‌ಐಆರ್ ದಾಖಲಾಯಿತು. ಒಂಬತ್ತಕ್ಕೆ ಸ್ಥಳ ಪಂಚನಾಮೆ. ಐದು ಗೋಲುಗಳಲ್ಲಿ ನಾಲ್ಕು ತುಂಡಾಗಿದ್ದವು. ಸಿಮೆಂಟಿನಲ್ಲಿ ಹೂತಿದ್ದ ಐದನೆಯದನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಬಲೆಗಳನ್ನು ಬಿಚ್ಚಿ, ನೀಟಾಗಿ ಸುತ್ತಿ, ಕ್ಲಬ್ಬಿನ ಜಗಲಿಯ ಮೇಲಿಟ್ಟಿದ್ದರು.

"ಹಗೆ ತೀರಿಸ್ಕೊಳ್ಳೋಕೆ ಬಂದೋನು ಬಲೆ ಸುತ್ತಿಡ್ತಾನಾ ಸಾರ್? ನಮ್ಮನೇಲಿ ಹಾಸಿಗೆ ಸುತ್ತೋರೇ ಇಲ್ಲ," ಎಂದ ಹೆಡ್ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರ್ ನಗಲಿಲ್ಲ. ಹೋದ ವರ್ಷ ಇದೇ ಮೈದಾನದಲ್ಲಿ, ಎತ್ತಿ ಇಡುವಂಥ ಇಂಥದ್ದೇ ಕಂಬ ಮಗುಚಿ, ಗೋಲು ಕಾಯುತ್ತಿದ್ದ ಹತ್ತು ವರ್ಷದ ಹುಡುಗಿ ಸತ್ತಿದ್ದಳು. ಅವತ್ತಿನ ಪಂಚನಾಮೆ ಬರೆದವರೂ ಅವರೇ. ಆಕಸ್ಮಿಕ ಎಂದು ಷರಾ ಹಾಕಿ ಹದಿನೈದು ದಿನಕ್ಕೆ ಕೈತೊಳೆದುಕೊಂಡಿದ್ದರು.

"ಬಲೆ ಸುತ್ತೋ ಕೆಲಸ ಯಾರ್ದು?" ಎಂದು ಕಾರ್ಯದರ್ಶಿಯನ್ನು ಕೇಳಿದರು.

"ಟೀಮ್ ಮ್ಯಾನೇಜರ್‌ದು. ನಲ್ಲಿ ರಿಪೇರಿ ಮಾಡ್ತಾನೆ, ಇಲ್ಲಿ ಸಂಬಳವಿಲ್ಲದ ಸೇವೆ. ಚಿನ್ನದಂಥ ಮನುಷ್ಯ ಸಾರ್. ಬೆಳಿಗ್ಗೆಯಿಂದ ಫೋನೇ ಎತ್ತಿಲ್ಲ."

ಹನ್ನೊಂದು ನಲವತ್ತಕ್ಕೆ ಜೀಪು ಅವನ ರಿಪೇರಿ ಅಂಗಡಿ ಮುಂದೆ ನಿಂತಿತು. ಮ್ಯಾನೇಜರ್ ಗರಗಸವನ್ನು ಪೇಪರಿನಲ್ಲಿ ಸುತ್ತಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದ.

"ನೀನೇನಾ ಕೊಯ್ದಿದ್ದು?"

"ಹೌದು ಸಾರ್. ನಿನ್ನೆ ಮಧ್ಯಾಹ್ನ, ಮಕ್ಕಳು ಸ್ಕೂಲಲ್ಲಿದ್ದಾಗ. ಸೋಮವಾರ ಸಂಜೆ ಆಟ ಇರಲ್ಲ."

"ಯಾಕೆ?"

ಅವನು ಜೇಬಿನಿಂದ ಒಂದು ಹಾಳೆ ತೆಗೆದ. ಆ ಹುಡುಗಿ ಸತ್ತ ದಿನ, ಆಟಕ್ಕೆ ಮೊದಲು ಅವನು ತುಂಬಿದ್ದ ತಪಾಸಣಾ ಪಟ್ಟಿ. ಕುಡಿಯುವ ನೀರು, ಪ್ರಥಮ ಚಿಕಿತ್ಸೆ, ಕಂಬ ಮಗುಚದಂತೆ ಹಿಂದೆ ನಾಲ್ಕು ಮರಳು ಚೀಲ. ಎಲ್ಲದರ ಎದುರೂ ಸರಿ ಗುರುತು.

"ಚೀಲ ಇಟ್ಟೇ ಇರ್ಲಿಲ್ಲ ಸಾರ್. ತಡವಾಗಿತ್ತು, ನೋಡದೇನೇ ಗುರುತು ಹಾಕ್ಬಿಟ್ಟೆ. ಅವತ್ತೇ ನಿಮ್ಗೆ ಹೇಳೋಕೆ ಬಂದೆ. ‘ಮನೆಗೆ ಹೋಗಪ್ಪಾ, ಮೊದಲು ಸುಧಾರಿಸ್ಕೋ’ ಅಂದ್ರಿ. ಅವ್ಳ ಅಮ್ಮ ನನ್ ಕೈ ಹಿಡ್ಕೊಂಡು, ‘ಕೊನೇಲಿ ನೀನಾದ್ರೂ ಹತ್ರ ಇದ್ಯಲ್ಲಣ್ಣಾ’ ಅಂದ್ಲು. ಮೊನ್ನೆ ಭಾನುವಾರ ಕ್ಲಬ್ಬಿನವ್ರು ಮತ್ತೆ ಚೀಲ ಇಲ್ದೇ ಕಂಬ ನಿಲ್ಸಿದ್ರು. ಬೇಡ ಅಂದೆ. ಯಾರೂ ಕಿವಿಗೆ ಹಾಕ್ಕೊಳ್ಲಿಲ್ಲ."

ಇನ್ಸ್‌ಪೆಕ್ಟರ್ ಹಾಳೆಯನ್ನು ಕೈಗೆ ತೆಗೆದುಕೊಂಡು ಓದಿದರು. ಆ ಹಳೆಯ ಪಂಚನಾಮೆಯಲ್ಲಿ ಚೀಲದ ಮಾತೇ ಇರಲಿಲ್ಲ. ಅವರೂ ಕಂಬದ ಹಿಂದೆ ಹೋಗಿ ನೋಡಿರಲಿಲ್ಲ.

ಹನ್ನೆರಡು ಹದಿನೈದಕ್ಕೆ ಠಾಣೆಯಲ್ಲಿ ಬಂಧನ. ಆಪಾದನೆ: ಆಸ್ತಿ ಹಾನಿ. ಮ್ಯಾನೇಜರ್ ಕಾಗದವನ್ನು ಎರಡು ಸಲ ಓದಿದ.

"ಇದ್ರಲ್ಲಿ ಅವ್ಳ ವಿಷ್ಯಾನೇ ಇಲ್ವಲ್ಲ ಸಾರ್."

"ಅದು ಮುಗಿದ ಕೇಸು. ಸಹಿ ಹಾಕು. ಸಂಜೆಯೊಳಗೆ ಜಾಮೀನು ಸಿಗತ್ತೆ, ಮನೆಗೆ ಹೋಗು."

ಅಲ್ಲಿಯವರೆಗೆ ಗಟ್ಟಿಯಾಗಿದ್ದವನು ಮೇಜು ಹಿಡಿದು ಕುಸಿದ. "ಮನೆಗೆ ಕಳಿಸ್ಬೇಡಿ ಸಾರ್. ನಿಮ್ ಕಾಲಿಗೆ ಬೀಳ್ತೀನಿ. ಇನ್ನೊಂದ್ಸಲ ಕಳಿಸ್ಬೇಡಿ."

ಹಳೆಯ ಕಡತ ತೆರೆಸಬಹುದಿತ್ತು. ತೆರೆದರೆ ಇಬ್ಬರ ನಿರ್ಲಕ್ಷ್ಯ ಬರೆಯಬೇಕಾಗುತ್ತಿತ್ತು. ಇನ್ಸ್‌ಪೆಕ್ಟರ್ ಪೆನ್ನು ತೆಗೆದುಕೊಂಡು, ಕೃತ್ಯದ ಉದ್ದೇಶ ಎಂಬಲ್ಲಿ ‘ಕ್ಲಬ್ಬಿನ ಮೇಲಿನ ಸಿಟ್ಟು’ ಎಂದು ಬರೆದರು. ಗರಗಸವನ್ನು ಜಪ್ತಿ ಪಟ್ಟಿಗೆ ಸೇರಿಸಿದರು. ಸರಿ ಗುರುತಿನ ಹಾಳೆಯನ್ನು ಮಡಿಸಿ ಅವನ ಜೇಬಿಗೇ ವಾಪಸು ಇಟ್ಟರು.