ಮೈದಾ ಇಲ್ಲದ ಗ್ರೇವಿ

“ಮಾಮಾ, ಆ ಡಬ್ಬಿ ಕೆಳಗಿಡು.”

ಮಾಸ್ತಿ ಮಾಮಾನ ಕೈ ಅಲ್ಲಿಯೇ ನಿಂತಿತು. ಕೈಯಲ್ಲಿ ಮೈದಾ ಡಬ್ಬಿ. ಎದುರಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡ ರೂಪಾಲಿ.

“ಎಂತಾ ಆಯ್ತೇ ನಿಂಗೆ? ಇದು ಮೈದಾ, ಬಾಂಬ್ ಅಲ್ಲ.”

“ಪಪ್ಪಾಗೆ ಬಾಂಬೇ. ಮೈದಾ ಅಂದ್ರೆ ಕಾರ್ಬೋಹೈಡ್ರೇಟ್. ಹೊಟ್ಟೆಗೆ ಹೋದ್ಮೇಲೆ ಎಲ್ಲಾ ಸಕ್ಕರೆ ಆಗ್ತದೆ.”

ಕಾರ್ಬೋಹೈಡ್ರೇಟ್ ಎಂಬ ಈ ಉದ್ದದ ಶಬ್ದ ರೂಪಾಲಿಗೆ ಈಚೆಗಷ್ಟೇ ಸೈನ್ಸ್ ಪಿರಿಯಡ್ಡಿನಲ್ಲಿ ಸಿಕ್ಕಿತ್ತು. ಸಿಕ್ಕ ದಿನದಿಂದ, ಕಾರವಾರದ ಪಕ್ಕದ ಬಿಣಗಾದ ಆ ಮನೆಯಲ್ಲಿ ಒಬ್ಬರೂ ನೆಮ್ಮದಿಯಿಂದ ಒಂದು ಬಿಸ್ಕೀಟು ತಿಂದಿರಲಿಲ್ಲ. ಪಪ್ಪಾ ಚಹಾಕ್ಕೆ ಟೋಸ್ಟ್ ಅದ್ದಲು ಹೊರಟರೆ ರೂಪಾಲಿ ಬಾಗಿಲಲ್ಲಿ ಹಾಜರಾಗುತ್ತಿದ್ದಳು. ಶುಗರ್ ಗಿಗರ್ ಏನೂ ಇಲ್ಲದ ತಮ್ಮ ನಿತೇಶ ಕೂಡ ಚಾಕಲೇಟನ್ನು ಬಚ್ಚಲಮನೆಯಲ್ಲಿ ಚಿಲಕ ಹಾಕಿಕೊಂಡು ತಿನ್ನಬೇಕಾಗಿತ್ತು.

ಮಾಸ್ತಿ ಮಾಮಾ ಆಯಿಯ, ಅಂದರೆ ರೂಪಾಲಿಯ ಅಮ್ಮನ ತಮ್ಮ, ಅಂಕೋಲೆಯವನು. ದೊಡ್ಡ ಹಡಗೊಂದರಲ್ಲಿ ಅಡುಗೆ ಅವನ ಕೆಲಸ. ರಜೆಗೆ ಊರಿಗೆ ಬಂದವನು, ಹಡಗಿನಲ್ಲಿ ಭಾನುವಾರ ಭಾನುವಾರ ಮಾಡುವ ರೋಸ್ಟ್ ಊಟವನ್ನು ಅಕ್ಕನ ಮನೆಯಲ್ಲಿ ಮಾಡಿ ತೋರಿಸುತ್ತೇನೆಂದು ಬೆಳಿಗ್ಗೆಯೇ ಬಸ್ಸು ಹತ್ತಿ ಬಂದಿದ್ದ. ಉಪ್ಪು, ಕಾಳುಮೆಣಸು, ಬೆಳ್ಳುಳ್ಳಿ, ಲಿಂಬೆರಸ ತಿಕ್ಕಿದ ಇಡೀ ಕೋಳಿ, ಆಯಿ ಕೇಕ್ ಮಾಡುವ ದುಂಡನೆಯ ಕರೆಂಟ್ ಓವನ್ನಿನೊಳಗೆ ಕಾಲು ಮಡಚಿಕೊಂಡು ಕೂತಿತ್ತು. ಅದರ ಸುತ್ತ ಆಲೂಗಡ್ಡೆ. ಇನ್ನು ಮೇಲೆ ಸುರಿಯಲು ಗ್ರೇವಿ ಆಗಬೇಕಿತ್ತು. ಜಗಳ ಶುರುವಾದದ್ದೇ ಅಲ್ಲಿ.

“ನೋಡು ರೂಪಾ,” ಮಾಮಾ ಸಮಾಧಾನದಿಂದ ಹೇಳಿದ. “ಕೋಳಿ ಬೇಯುವಾಗ ರಸ ಇಳಿತದೆ. ಬೆಣ್ಣೆಲಿ ಮೈದಾ ಹುರಿದು, ಆ ರಸ ಹಾಕಿ ಕುದಿಸ್ಬೇಕು. ಆಗ ದಪ್ಪ ಆಗ್ತದೆ. ಇಲ್ಲಾಂದ್ರೆ ಅದು ಗ್ರೇವಿ ಅಲ್ಲ, ಕೈ ತೊಳೆದ ನೀರು. ನಮ್ಮ ಕ್ಯಾಪ್ಟನ್ ತಟ್ಟೆ ಸಮೇತ ಸಮುದ್ರಕ್ಕೆ ಒಗಿತಾನೆ.”

“ಒಗೀಲಿ. ಮೈದಾ ಬೇಡ.”

“ಕಾರ್ನ್‌ಫ್ಲೋರ್ ಅದ್ಯಾ?”

“ಅದೂ ಹಿಟ್ಟೇ ಅಲ್ದಾ?”

ತೆಂಗಿನಕಾಯಿ ತುರಿಯುತ್ತಿದ್ದ ಆಯಿ ತಲೆ ಎತ್ತಿದಳು. “ನಾವು ಕೋಳಿ ಸಾರಿಗೆ ಒಂದು ಮುಷ್ಟಿ ಅಕ್ಕಿ ನೆನೆಸಿ ರುಬ್ಬಿ ಹಾಕ್ತೇವಪ್ಪ.”

“ಆಯಿ, ಅಕ್ಕಿ ಅಂದ್ರೆ...”

“ಗೊತ್ತಾಯ್ತು ಮಾರಾಯ್ತಿ, ಮತ್ತೆ ಹೇಳ್ಬೇಡ.”

ಎಲ್ಲರೂ ನಕ್ಕರು. ರೂಪಾಲಿ ನಗಲಿಲ್ಲ. ಅವಳಿಗೆ ಇದು ತಮಾಷೆಯಾಗಿರಲಿಲ್ಲ.

ಹೋದ ದೀಪಾವಳಿಗೆ ಅಂಕೋಲೆಗೆ ಹೋದಾಗ ಪಪ್ಪಾನ ಅಪ್ಪ, ಅಂದರೆ ಅಜ್ಜ, ಮಂಚದ ಮೇಲೆ ಚಾದರ ಹೊದ್ದು ಮಲಗಿದ್ದ. ಅವಳು ಓಡಿಹೋಗಿ ಮಂಚದ ತುದಿಯಲ್ಲಿ ಕೂತಳು. ಚಾದರದ ಕೆಳಗೆ ಅಜ್ಜನ ಒಂದು ಪಾದ ಎದ್ದು ಕಾಣುತ್ತಿತ್ತು. ಇನ್ನೊಂದು ಪಾದ ಇರಬೇಕಾದ ಜಾಗದಲ್ಲಿ ಚಾದರ ಚಪ್ಪಟೆಯಾಗಿತ್ತು. ಅವಳಿಗೆ ಯಾರೂ ಮೊದಲೇ ಹೇಳಿರಲಿಲ್ಲ. “ಶುಗರ್ ಜಾಸ್ತಿ ಆಗಿ ತೆಗಿಬೇಕಾಯ್ತು,” ಎಂದು ಆಮೇಲೆ ಅತ್ತೆ ಕಿವಿಯಲ್ಲಿ ಹೇಳಿದಳು. ಅದಾಗಿ ಕೆಲವೇ ತಿಂಗಳಲ್ಲಿ ಪಪ್ಪಾಗೂ ಶುಗರ್ ಇದೆಯೆಂದು ಡಾಕ್ಟರು ಹೇಳಿದರು. ಆಮೇಲಿಂದ ಅವಳು ಪಪ್ಪಾನ ಪಾದಗಳನ್ನು ಕದ್ದು ನೋಡುತ್ತಿದ್ದಳು. ಇದು ಯಾರಿಗೂ ಗೊತ್ತಿರಲಿಲ್ಲ.

ಮಾಮಾ ತಲೆ ಕೆರೆದುಕೊಂಡು ಬುಟ್ಟಿಯಲ್ಲಿದ್ದ ಈರುಳ್ಳಿ ನೋಡಿದ. “ಈರುಳ್ಳಿ ಆಗ್ತದಾ ಡಾಕ್ಟರಮ್ಮ? ಕೋಳಿಯಿಂದ ಇಳಿದ ಎಣ್ಣೆಲಿ ಕೆಂಪಗೆ, ಮೆತ್ತಗೆ ಹುರಿದು, ಮಿಕ್ಸಿಗೆ ಹಾಕಿ ನುಣ್ಣಗೆ ಮಾಡುವ. ಸ್ವಲ್ಪ ಹುರಿದ ಕಾಯಿತುರಿ ಸೇರಿಸುವ. ದಪ್ಪ ಬರ್ತದೆ ಅಂತ ಕಾಣ್ತದೆ.”

ರೂಪಾಲಿ ಯೋಚನೆ ಮಾಡಿದಳು. “ಆಗ್ತದೆ,” ಎಂದು ಅಪ್ಪಣೆ ಕೊಟ್ಟಳು.

ಅಷ್ಟರಲ್ಲಿ ಪಪ್ಪಾ ಅಡುಗೆಮನೆಗೆ ಇಣುಕಿದ. ಪಪ್ಪಾನ ಹೆಸರು ಪುಂಡಲೀಕ. ಅಲ್ಲೇ ಫ್ಯಾಕ್ಟರಿಯಲ್ಲಿ ಕೆಲಸ. ಯಾರ ಮೇಲೂ ದನಿ ಎತ್ತದ ಮನುಷ್ಯ. ಬೆಳಿಗ್ಗೆ ತಿಂಡಿಗೆ ಕೂತಾಗ ರೂಪಾಲಿ ಎದುರಿಗೇ ಕಣ್ಣು ಬಿಟ್ಟುಕೊಂಡು ಕೂತಿದ್ದರಿಂದ ಒಂದೇ ದೋಸೆ ತಿಂದು ಎದ್ದಿದ್ದ.

“ಆಯ್ತನಾ ಮಾಸ್ತಿ? ವಾಸನೆಗೆ ಹೊಟ್ಟೆ ತಾಳ ಹಾಕ್ತಾ ಅದೆ.”

“ಇನ್ನೆಂತಾ, ಆಗೇ ಹೋಯ್ತು ಭಾವ. ನೀವು ಮಾತ್ರೆ ತಕೊಂಡು ಕೂತ್ಕೊಳ್ಳಿ.”

ಪಪ್ಪಾ ಊಟಕ್ಕೆ ಮುಂಚೆ ಶುಗರಿನ ಒಂದು ಮಾತ್ರೆ ತೆಗೆದುಕೊಳ್ಳಬೇಕಿತ್ತು. ನೀರು ಕುಡಿದು ಅದನ್ನು ನುಂಗಿದ. ಅವನು ಲೋಟ ಕೆಳಗಿಟ್ಟ ಸ್ವಲ್ಪ ಹೊತ್ತಿಗೆ ಫ್ಯಾನು ನಿಧಾನವಾಗಿ ನಿಂತಿತು. ಓವನ್ನಿನ ಕೆಂಪು ದೀಪ ಆರಿತು.

“ಹೋಯ್ತು ಕರೆಂಟು,” ಆಯಿ ನಿಟ್ಟುಸಿರು ಬಿಟ್ಟಳು.

ಮಾಮಾ ಓವನ್ ಮುಚ್ಚಳ ತೆಗೆದು ಚೂರಿಯಲ್ಲಿ ಕೋಳಿಯ ತೊಡೆ ಚುಚ್ಚಿ ನೋಡಿದ. ಒಳಗೆ ಇನ್ನೂ ಕೆಂಪು. ಇಡೀ ಕೋಳಿಯನ್ನು ಇಡ್ಲಿ ಮಾಡುವ ದೊಡ್ಡ ಪಾತ್ರೆಗೆ ಹಾಕಿ, ಮುಚ್ಚಿ, ಗ್ಯಾಸಿನ ಮೇಲೆ ಸಣ್ಣ ಉರಿಯಲ್ಲಿ ಇಟ್ಟದ್ದಾಯಿತು. ಮಿಕ್ಸಿಯೂ ಇಲ್ಲದ್ದರಿಂದ ಹುರಿದ ಈರುಳ್ಳಿ, ಕಾಯಿ ರುಬ್ಬಲು ಹಿತ್ತಲ ಕಡೆಯ ರುಬ್ಬುವ ಕಲ್ಲೇ ಗತಿಯಾಯಿತು. ಮಾಮಾ ಕಲ್ಲು ತಿರುಗಿಸಿದ. ಅಂಚಿಗೆ ಬಂದದ್ದನ್ನು ರೂಪಾಲಿ ಕೈಯಿಂದ ಒಳಗೆ ದೂಡುತ್ತಾ ಹೋದಳು. ಹೊಗೆಯಂಥ ಒಳ್ಳೆಯ ಪರಿಮಳ ಬರುತ್ತಿತ್ತು. ಅವಳಿಗೆ ಖುಷಿಯೋ ಖುಷಿ. ಪಪ್ಪಾಗಾಗಿ ಇಂಥದ್ದೊಂದು ಅಡುಗೆಯನ್ನು ಕಾರವಾರದಲ್ಲೇ ಯಾರೂ ಮಾಡಿರಲಿಕ್ಕಿಲ್ಲ ಅನ್ನಿಸಿತು.

ಪಪ್ಪಾ ಹಿತ್ತಲ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಬಾಳೆಹಣ್ಣು.

“ರೂಪಾ, ತಡ ಆಗ್ತದಲ್ಲ. ಇದೊಂದು ತಿನ್ಲಾ?”

“ಅಯ್ಯೋ ಪಪ್ಪಾ, ಬಾಳೆಹಣ್ಣು ಅಂದ್ರೆ ಸಕ್ಕರೆನೇ. ಗ್ರೇವಿ ಆಗ್ತಾ ಬಂತು. ಸ್ವಲ್ಪ ತಡ್ಕೊ.”

ಪಪ್ಪಾ ಅವಳ ಮುಖ ನೋಡಿದ. ಸ್ವಲ್ಪ ನಕ್ಕ. ಹಣ್ಣನ್ನು ವಾಪಸು ಇಟ್ಟು ಹೋಗಿ ಪೇಪರ್ ಹಿಡಿದು ಕೂತ.

ಗ್ರೇವಿ ಕುದಿಯಿತು. ಕೋಳಿಯ ರಸ ಬಿದ್ದದ್ದೇ ತಡ, ಕಂದು ಬಣ್ಣಕ್ಕೆ ತಿರುಗಿ ಫಳಫಳ ಹೊಳೆಯಿತು. ಸೌಟು ಎತ್ತಿದರೆ ದಪ್ಪಗೆ ಇಳಿಯುತ್ತಿತ್ತು. ಮಾಮಾ ಅಂಗೈಗೆ ಹಾಕಿಕೊಂಡು ನೆಕ್ಕಿದ. ಮತ್ತೊಮ್ಮೆ ನೆಕ್ಕಿದ.

“ಮೈದಾ ಇಲ್ದೆ ಇದು ಹೆಂಗೆ ಆಯ್ತೇ? ಇದನ್ನ ಹಾಕಿದ್ರೆ ಕ್ಯಾಪ್ಟನ್ ನಂಗೆ ಪ್ರಮೋಷನ್ ಕೊಡ್ತಾನೆ.”

ಅಂತೂ ಎಲ್ಲರೂ ಊಟಕ್ಕೆ ಕೂತರು. ಪಪ್ಪಾನ ತಟ್ಟೆಗೆ ರೂಪಾಲಿಯೇ ಬಡಿಸಿದಳು. ಕೋಳಿಯ ತುಂಡು, ಸೌತೆಕಾಯಿ, ಮೇಲೆ ಗ್ರೇವಿ. ಆಲೂಗಡ್ಡೆಯನ್ನು ಒಂದೊಂದಾಗಿ ಹೆಕ್ಕಿ ನಿತೇಶನ ತಟ್ಟೆಗೆ ಹಾಕಿದಳು. ಅವನಿಗೆ ಲಾಭವೇ ಆಯಿತು.

ಆಯಿ ಅನ್ನದ ಪಾತ್ರೆ ತಂದು, “ನಿಮಗೆ ಸ್ವಲ್ಪ ಅನ್ನ ಹಾಕ್ಲಾ?” ಎಂದು ಕೇಳಿದಳು.

ಪಪ್ಪಾ ಅನ್ನ ನೋಡಿದ. ಆಮೇಲೆ ರೂಪಾಲಿಯನ್ನು ನೋಡಿದ. “ಬೇಡ. ಇವತ್ತು ಮಗಳ ಗ್ರೇವಿ ಸಾಕು.”

ಒಂದು ತುತ್ತು ತಿಂದು, “ಭಾರೀ ಲಾಯ್ಕ ಆಗಿದೆ,” ಎಂದ. ಎರಡನೆಯ ತುತ್ತಿಗೆ ಅವನ ಚಮಚ ತಟ್ಟೆಗೆ ಟಕಟಕ ಬಡಿಯತೊಡಗಿತು. ರೂಪಾಲಿಗೆ ಅವನು ಆಟ ಆಡುತ್ತಿದ್ದಾನೆ ಅನ್ನಿಸಿತು.

“ಪಪ್ಪಾ, ಇನ್ನೂ ಸ್ವಲ್ಪ ಗ್ರೇವಿ ಹಾಕ್ಲಾ?”

“ಸಾಕು ಮಾಡು ನಿಂದು,” ಪಪ್ಪಾ ಕಿರುಚಿದ. ಕೈ ಬೀಸಿದ ರಭಸಕ್ಕೆ ಗ್ರೇವಿಯ ಬೋಗುಣಿ ಮಗುಚಿ ನೆಲದ ಮೇಲೆಲ್ಲ ಹರಿಯಿತು.

ರೂಪಾಲಿಯ ಕೈಯಲ್ಲಿ ಸೌಟು ಹಾಗೇ ಇತ್ತು. ಪಪ್ಪಾ ಅವಳಿಗೆ ಬೈದದ್ದೇ ಇಲ್ಲ. ಮಳೆಗಾಲದಲ್ಲಿ ಅವನ ಫ್ಯಾಕ್ಟರಿಯ ಐಡಿ ಕಾರ್ಡನ್ನು ಅವಳು ಗಟಾರದಲ್ಲಿ ದೋಣಿ ಮಾಡಿ ಬಿಟ್ಟಾಗಲೂ ಬೈದಿರಲಿಲ್ಲ.

ಈಗ ಅವನು ಅವಳನ್ನೇ ನೋಡುತ್ತಿದ್ದ. ಆದರೆ ನೋಟ ಮಾತ್ರ ಬೇರೆಲ್ಲೋ ಇತ್ತು.

“ನೀ ಯಾರ ಮನೆಯ ಹುಡುಗಿ?” ಎಂದು ಕೇಳಿದ.

ರೂಪಾಲಿಗೆ ಅಳುವುದಕ್ಕೂ ಆಗಲಿಲ್ಲ.

“ಪಪ್ಪಾನ ಶರ್ಟ್ ಪೂರಾ ಒದ್ದೆ ಆಗಿದೆ,” ಎಂದ ನಿತೇಶ ಸಣ್ಣ ದನಿಯಲ್ಲಿ.

ಆಯಿ ತಟಕ್ಕನೆ ಎದ್ದು ಪಪ್ಪಾನ ಹಣೆ ಮುಟ್ಟಿದಳು. ಕೈ ತಣ್ಣಗೆ ಒದ್ದೆಯಾಯಿತು. “ಮಾಸ್ತಿ, ಓಡು, ರಿಕ್ಷಾ ಹಿಡಿ,” ಎಂದಳು. ಮಾಮಾ ಚಪ್ಪಲಿಯನ್ನೂ ಹಾಕದೆ ಹೈವೇ ಕಡೆಗೆ ಓಡಿದ. ಪಪ್ಪಾ ಕುರ್ಚಿಯಿಂದ ಒಂದು ಕಡೆಗೆ ವಾಲುತ್ತಿದ್ದ. ಆಯಿ ಹಿಂದಿನಿಂದ ಅವನನ್ನು ತಬ್ಬಿ ಹಿಡಿದುಕೊಂಡಳು.

“ರೂಪಾ, ನೀರಿಗೆ ಸಕ್ಕರೆ ಹಾಕಿ ತಾ. ಬೇಗ.”

ರೂಪಾಲಿ ಕದಲಲಿಲ್ಲ.

“ಸಕ್ಕರೆನಾ? ಪಪ್ಪಾಗಾ?”

“ಹೌದು. ಅವರ ಶುಗರ್ ಇಳಿದುಹೋಗಿದೆ. ಮಾತ್ರೆ ಹೊಟ್ಟೆಲಿ ಕೆಲಸ ಮಾಡ್ತಾ ಅದೆ, ಅದಕ್ಕೆ ತಕ್ಕ ಊಟ ಆಗ್ಲಿಲ್ಲ. ಹೀಗಾದ್ರೆ ಸಕ್ಕರೆ ಕೊಡಿ ಅಂತ ಡಾಕ್ಟ್ರು ಹೇಳಿದ್ದಾರೆ. ನಂಗೆ ಇವರನ್ನ ಬಿಟ್ಟು ಬರೂಕೆ ಆಗೂದಿಲ್ಲ. ನೀನೇ ತಾ.”

ಶುಗರ್ ಇಳಿಯುತ್ತದೆ ಎಂಬುದು ರೂಪಾಲಿಗೆ ಗೊತ್ತೇ ಇರಲಿಲ್ಲ. ಅದು ಏರುವುದೊಂದೇ ಅವಳಿಗೆ ಗೊತ್ತಿದ್ದದ್ದು. ಅವಳು ಅಡುಗೆಮನೆಗೆ ಓಡಿದಳು. ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದು ಚಮಚ ಹಾಕಿದವಳ ಕೈ ಒಂದು ಕ್ಷಣ ಹಾಗೇ ನಿಂತುಬಿಟ್ಟಿತು. ಇಷ್ಟು ದಿನ ಇದೇ ಡಬ್ಬಿಗೆ ಹೆದರಿದ್ದಳು. ಈಗ ತಾನೇ ಕೈಯಾರೆ ಇದನ್ನು ಪಪ್ಪಾನ ಬಾಯಿಗೆ ಹಾಕಬೇಕು. ಆಯಿ ಹೇಳಿದ್ದು ತಪ್ಪಾಗಿದ್ದರೆ?

“ರೂಪಾ,” ಆಚೆಯಿಂದ ಆಯಿಯ ದನಿ ಒಡೆದು ಬಂತು.

ಅವಳು ಚಮಚದ ಮೇಲೆ ಚಮಚ ಸುರಿದಳು. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಕಟ್ಟೆಯ ಮೇಲೆ ಚೆಲ್ಲಿತು. ಕದಡಿಕೊಂಡು ಓಡಿಬಂದು ಲೋಟವನ್ನು ಪಪ್ಪಾನ ತುಟಿಗೆ ಹಿಡಿದಳು. ಅವನ ಹಲ್ಲು ಸ್ಟೀಲ್ ಲೋಟಕ್ಕೆ ಕಟಕಟ ತಾಗಿತು.

“ಕುಡಿ ಪಪ್ಪಾ. ಕುಡಿ. ಸಕ್ಕರೆ ಅದೆ. ಕುಡಿ.”

ಪಪ್ಪಾ ಗುಟುಕು ಗುಟುಕಾಗಿ ಕುಡಿದ. ಸ್ವಲ್ಪ ಗಲ್ಲದ ಮೇಲೆ ಇಳಿಯಿತು. ಆಯಿ ಇನ್ನೊಂದು ಲೋಟ ಮಾಡಿಸಿದಳು. ಅದನ್ನೂ ಕುಡಿದ. ಆಮೇಲೆ ಮೂವರೂ ಅವನ ಮುಖವನ್ನೇ ನೋಡುತ್ತಾ ಕಾದರು. ನಿತೇಶ ಕೈಯಲ್ಲಿದ್ದ ಆಲೂಗಡ್ಡೆಯನ್ನು ಹಾಗೇ ಹಿಡಿದುಕೊಂಡಿದ್ದ.

ಸ್ವಲ್ಪ ಹೊತ್ತಿನ ಮೇಲೆ ನಡುಕ ಕಡಿಮೆಯಾಯಿತು. ಪಪ್ಪಾ ಕಣ್ಣು ಉಜ್ಜಿಕೊಂಡು ಸುತ್ತ ನೋಡಿದ.

“ಎಂತಾ ಆಯ್ತು? ಗ್ರೇವಿ ಯಾರು ಚೆಲ್ಲಿದ್ದು?”

“ನೀನೇ,” ಎಂದ ನಿತೇಶ.

ರೂಪಾಲಿ ಆಗ ಅತ್ತಳು. ಜೋರಾಗಿಯೇ ಅತ್ತಳು.

ಮಾಮಾ ರಿಕ್ಷಾ ತಂದ. ಎಲ್ಲರೂ ಒತ್ತಿಕೊಂಡು ಕೂತು ಕಾರವಾರ ಪೇಟೆಗೆ, ಡಾಕ್ಟರ ಹತ್ತಿರ ಹೋದರು. ಡಾಕ್ಟರು ಬೆರಳು ಚುಚ್ಚಿ ನೋಡಿ, ಈಗ ಪರವಾಗಿಲ್ಲ ಎಂದರು.

“ಅನ್ನ ಕಡಿಮೆ ಮಾಡಿದ್ದು ಒಳ್ಳೇದೇ,” ಎಂದರು ಅವರು. “ಆದ್ರೆ ಒಮ್ಮೆಲೇ ಪೂರಾ ಬಿಟ್ರೆ ಆಗೂದಿಲ್ಲ. ಊಟ ಬದಲಾದ್ರೆ ಮಾತ್ರೆನೂ ಬದಲು ಮಾಡ್ಬೇಕು. ನನ್ನ ಕೇಳದೆ ಬಿಡೂಕೆ ಯಾರು ಹೇಳಿದ್ರು ನಿಮಗೆ?”

ರೂಪಾಲಿ ಮಾಮಾನ ಹಿಂದೆ ಸರಿದಳು.

“ಯಾರೂ ಹೇಳ್ಲಿಲ್ಲ ಡಾಕ್ಟ್ರೆ,” ಎಂದ ಪಪ್ಪಾ. “ನಾನೇ ಬಿಟ್ಟೆ.”

ಮನೆಗೆ ಬಂದ ಮೇಲೆ ರೂಪಾಲಿ ಬಕೆಟ್ ತಂದು ನೆಲದ ಮೇಲೆ ಒಣಗಿದ ಗ್ರೇವಿಯನ್ನು ಒರೆಸಲು ಕೂತಳು. ಆಯಿ ತಾನು ಮಾಡುತ್ತೇನೆ ಎಂದರೂ ಬಿಡಲಿಲ್ಲ. ಪಪ್ಪಾ ನಿಧಾನವಾಗಿ ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತ. ಅವಳು ತಲೆ ಎತ್ತಲಿಲ್ಲ.

“ಪಪ್ಪಾ, ನಿಂಗೆ ಯಾವಾಗಿಂದ ಹಂಗೆ ಆಗೂಕೆ ಹತ್ತಿತ್ತು?”

“ಹಿತ್ತಲಿಗೆ ಬಂದಿದ್ನಲ್ಲ, ಆಗ್ಲೇ ಕೈ ನಡುಗ್ತಾ ಇತ್ತು. ಕಣ್ಣು ಕತ್ತಲೆ ಬಂದಂಗೆ ಆಗ್ತಿತ್ತು.”

ಅವಳ ಕೈಯಲ್ಲಿದ್ದ ಬಟ್ಟೆ ನಿಂತಿತು.

“ಮತ್ತೆ ಎಂತಕ್ಕೆ ಹೇಳ್ಲಿಲ್ಲ?”

“ನೀ ಕಲ್ಲಿನ ಎದುರು ಕೂತಿದ್ದೆ. ಮುಖದ ಮೇಲೆಲ್ಲ ಈರುಳ್ಳಿ ಮೆತ್ತಿತ್ತು. ಅಷ್ಟು ಖುಷಿಲಿ ನಿನ್ನ ನೋಡದೆ ಎಷ್ಟು ದಿನ ಆಗಿತ್ತು. ಹೇಳೂಕೆ ಮನಸ್ಸು ಬರ್ಲಿಲ್ಲ ಮಗಾ.”

ರೂಪಾಲಿ ಬಾಯಿ ಬಿಟ್ಟುಕೊಂಡು ಅವನನ್ನು ನೋಡಿದಳು. ಮಧ್ಯಾಹ್ನ ಅವನು ಕಿರುಚಿದಾಗಲೂ ಅವಳಿಗೆ ಇಷ್ಟು ದಿಗಿಲಾಗಿರಲಿಲ್ಲ. ಇಷ್ಟು ದೊಡ್ಡ ಪಪ್ಪಾ, ತನ್ನ ಮುಖ ಸಪ್ಪಗಾದೀತೆಂದು, ಹಸಿದುಕೊಂಡು, ನಡುಗಿಕೊಂಡು, ಪೇಪರ್ ಹಿಡಿದು ಸುಮ್ಮನೆ ಕೂತಿದ್ದ. ತಾನು ಬೇಡ ಎಂದದ್ದನ್ನೆಲ್ಲ ಅವನು ಕೇಳುತ್ತಾನೆ. ಕೇಳುತ್ತಲೇ ಇರುತ್ತಾನೆ.

ಅವಳು ಒದ್ದೆ ಕೈಯಿಂದಲೇ ಅವನ ಅಂಗಿ ಹಿಡಿದುಕೊಂಡಳು.

ರಾತ್ರಿ ಊಟಕ್ಕೆ ಉಳಿದ ಕೋಳಿ, ಸಾರು, ಅನ್ನ. ಆಯಿ ಬಡಿಸಲು ಹೊರಟಾಗ ರೂಪಾಲಿ ಅನ್ನದ ಚಮಚವನ್ನು ತಾನು ತೆಗೆದುಕೊಂಡಳು. ಪಪ್ಪಾನ ತಟ್ಟೆಗೆ ಸ್ವಲ್ಪ ಹಾಕಿದಳು. ಅಲ್ಲಿಗೇ ನಿಲ್ಲಿಸಿ, ಅವನ ಮುಖ ನೋಡಿದಳು.

“ಸಾಕಾ ಪಪ್ಪಾ? ಖರೆ ಹೇಳು.”

ಪಪ್ಪಾ ತಟ್ಟೆ ನೋಡಿದ. ರೂಢಿಯಂತೆ ಸಾಕು ಎನ್ನಲು ಬಾಯಿ ತೆರೆದವನು, ತಡೆದು, ಮಗಳ ಕಣ್ಣು ನೋಡಿದ.

“ಸಾಕಾಗ್ಲಿಲ್ಲ,” ಎಂದ. “ಇನ್ನೊಂದು ಸ್ವಲ್ಪ ಹಾಕು.”

ರೂಪಾಲಿ ಹಾಕಿದಳು. ಆಮೇಲೆ ತನ್ನ ತಟ್ಟೆಯನ್ನು ಎತ್ತಿಕೊಂಡು ಬಂದು ಅವನ ಪಕ್ಕದಲ್ಲಿ ಊಟಕ್ಕೆ ಕೂತಳು.