ಒಳಗಿನ ಚಿಲಕ

ಇವನು ಸುಳ್ಳು ಹೇಳುತ್ತಿದ್ದಾನೆ... ಹೌದು, ಸುಳ್ಳೇ. ಆದರೆ ಗಿರಾಕಿ ಹಿಡಿಯಲು ಸುಳ್ಳು ಹೇಳುವವರು ಹೀಗೆ ನೆಲ ನೋಡಿಕೊಂಡು ಮಾತಾಡುತ್ತಾರೆಯೇ?

ಬಸ್ ನಿಲ್ದಾಣದ ಗದ್ದಲದಲ್ಲಿ, ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದರಲ್ಲಿ ತಂಗಿಯ ತೋಳು ಹಿಡಿದು ನಿಂತಿದ್ದ ಅವಳು ಎದುರಿಗಿದ್ದವನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದಳು. ಎಣ್ಣೆ ಕಲೆಯ ಅಂಗಿ. ಸೊಂಟದಲ್ಲಿ ಒಂದು ಗೊಂಚಲು ಬೀಗದಕೈ. ವಯಸ್ಸು ಮೂವತ್ತರ ಆಸುಪಾಸು. ಅವಳು ಆಟೋದವನಿಗೆ "ಹಸಿರು ಗೇಟಿನ ವಸತಿಗೃಹ" ಎಂದದ್ದೇ ತಡ, ಎಲ್ಲಿಂದಲೋ ಬಂದು ಅಡ್ಡ ನಿಂತಿದ್ದ.

"ಮೇಡಂ, ಅಲ್ಲಿಗೆ ಹೋಗಬೇಡಿ."

"ಯಾಕೆ? ಬಾಗಿಲು ಹಾಕಿದ್ದಾರಾ? ಬೆಂಕಿ ಬಿದ್ದಿದೆಯಾ? ಇಲ್ಲ, ರೂಮೆಲ್ಲ ಭರ್ತಿನಾ?"

"ಅದ್ಯಾವುದೂ ಅಲ್ಲ... ಆ ಜಾಗ ಸರಿಯಿಲ್ಲ."

ಅವಳು ನಕ್ಕಳು. ಅದು ಅವಳ ಕಚೇರಿಯ ನಗು. ಊರಿನಲ್ಲಿ ಅವಳದು ಪ್ರವಾಸದ ಟಿಕೆಟ್ ಮಾಡಿಕೊಡುವ ಕೆಲಸ. ಪ್ರತಿ ಟಿಕೆಟ್ಟಿನ ಜೊತೆ ತಾನೇ ಟೈಪ್ ಮಾಡಿದ ಒಂದು ಹಾಳೆಯನ್ನೂ ಕೊಡುತ್ತಿದ್ದಳು: ಪ್ರವಾಸಿಗರಿಗೆ ಹನ್ನೆರಡು ಎಚ್ಚರಿಕೆಗಳು. ಅದರಿಂದಾಗಿ ಕಚೇರಿಯಲ್ಲಿ ಅವಳಿಗೆ "ಎಚ್ಚರಿಕೆಯಮ್ಮ" ಎಂಬ ಹೆಸರೇ ಬಿದ್ದಿತ್ತು. ನಾಲ್ಕನೆಯ ಎಚ್ಚರಿಕೆ ಅವಳಿಗೆ ಬಾಯಿಪಾಠ. 'ನೀವು ಕಾಯ್ದಿರಿಸಿದ ಜಾಗ ಸರಿಯಿಲ್ಲ ಎಂದು ಹೇಳಿ, ಬೇರೆ ಕಡೆ ಕರೆದೊಯ್ಯುವ ಅಪರಿಚಿತರನ್ನು ನಂಬಬೇಡಿ.'

ಇಗೋ, ನಾಲ್ಕನೆಯ ಎಚ್ಚರಿಕೆಯೇ ಅಂಗಿ ತೊಟ್ಟು ಬಂದು ನಿಂತಿದೆ!

"ಎಷ್ಟು ಕಮಿಷನ್ ನಿಮಗೆ?" ಎಂದು ಕೇಳಿಯೇಬಿಟ್ಟಳು.

ಅವನ ಮುಖ ಕಪ್ಪಿಟ್ಟಿತು. ಜೇಬಿನಿಂದ ಬೆರಳುದ್ದದ ಒಂದು ಮರದ ಬೆಣೆ ತೆಗೆದು ತಂಗಿಯ ಕಡೆ ಚಾಚಿದ.

"ಹೋಗೋದೇ ಆದ್ರೆ, ಒಳಗೆ ಹೋದ ತಕ್ಷಣ ಇದನ್ನ ಬಾಗಿಲ ಕೆಳಗೆ ತುರುಕಿ. ಚಿಲಕ ನಂಬ್ಕೋಬೇಡಿ."

"ಥ್ಯಾಂಕ್ಸ್ ಅಣ್ಣಾ!" ಎಂದು ತಂಗಿ ಹಲ್ಲು ಕಿರಿದು ಅದನ್ನು ಚೀಲಕ್ಕೆ ಹಾಕಿಕೊಂಡಳು.

ಆಟೋ ಹೊರಟಿತು. ಎಚ್ಚರಿಕೆಯಮ್ಮ ತಿರುಗಿ ನೋಡಿದಳು. ಅವನು ನಿಂತಲ್ಲೇ ನಿಂತಿದ್ದ. ಬೇರೆ ಪ್ರವಾಸಿಗರ ಬೆನ್ನು ಹತ್ತಿರಲಿಲ್ಲ. ಅದು ಅವಳಿಗೆ ಯಾಕೋ ಚುಚ್ಚಿತು...

"ಅಕ್ಕ, ಇಲ್ನೋಡು! ಬೆಣೆ ಮೇಲೆ ಫೋನ್ ನಂಬರ್ ಬರೆದಿದ್ದಾನೆ. ನಿನಗೆ ಲೈನ್ ಅಲ್ಲ, ಬೆಣೆ ಹೊಡೀತಿದ್ದಾನೆ ಕಣೇ!"

"ಬಾಯ್ಮುಚ್ಚು. ಬಿಸಾಕು ಅದನ್ನ."

"ಬಿಸಾಕಲ್ಲಪ್ಪ. ನಂಬರ್ ಸೇವ್ ಮಾಡ್ಕೋತೀನಿ. ಏನಂತ ಹೆಸರಿಡ್ಲಿ? ಹ್ಞಾಂ, ಬೆಣೆ ಸಾಹೇಬ್ರು!"

ಅವಳಿಗೆ ನಗು ಬರಲಿಲ್ಲ. ಹೊರಡುವಾಗ ಅಮ್ಮ ಹೇಳಿದ್ದ ಮಾತು ಕಿವಿಯಲ್ಲೇ ಇತ್ತು. "ಪರೀಕ್ಷೆ ಮುಗಿಸಿದ್ದಾಳೆ, ಆಸೆಪಡ್ತಾಳೆ, ಕಳಿಸ್ತೀನಿ. ಆದ್ರೆ ನಿನ್ನ ಕೈಗೆ ಒಪ್ಪಿಸ್ತಿದ್ದೀನಿ. ಕೂದಲು ಕೊಂಕದ ಹಾಗೆ ವಾಪಸ್ ಕರ್ಕೊಂಡು ಬಾ."

* * *

ಹಸಿರು ಗೇಟಿನ ಯಜಮಾನರು ಬಾಗಿಲಲ್ಲೇ ಕಾದಿದ್ದರು. ನರೆತ ಕೂದಲು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಬೆಣ್ಣೆಯಂಥ ಮಾತು.

"ಬನ್ನಿ ಮಗಳೇ, ಬನ್ನಿ. ಇದು ಲಾಡ್ಜಲ್ಲ, ನಿಮ್ಮನೆ ಅಂದ್ಕೊಳ್ಳಿ. ಗುರುತಿನ ಚೀಟಿ ಕೊಟ್ಟಿರಿ, ರಿಜಿಸ್ಟರಿಗೆ ಬರ್ಕೊಂಡು ಆಮೇಲೆ ಕೊಡ್ತೀನಿ."

ಕೊಟ್ಟಳು. ಇಬ್ಬರದೂ.

'ಅಸಲಿ ಗುರುತಿನ ಚೀಟಿಯನ್ನು ಯಾರ ಕೈಯಲ್ಲೂ ಬಿಡಬೇಡಿ.' ಅದು ಅವಳದೇ ಏಳನೆಯ ಎಚ್ಚರಿಕೆ. ಆದರೆ ಅನುಮಾನವನ್ನೆಲ್ಲ ಬಸ್ ನಿಲ್ದಾಣದಲ್ಲೇ ಒಬ್ಬನ ಮೇಲೆ ಸುರಿದು ಬಂದಿದ್ದಳಲ್ಲ, ಇಲ್ಲಿಗೆ ಉಳಿದಿರಲಿಲ್ಲ.

ಉದ್ದನೆಯ ಪಡಸಾಲೆ. ಎರಡೂ ಕಡೆ ಮುಚ್ಚಿದ ಬಾಗಿಲುಗಳು.

"ಬೇರೆ ಯಾರೂ ಬಂದಿಲ್ವಾ ಅಂಕಲ್?"

"ಎಲ್ಲ ಸುತ್ತಾಡೋಕೆ ಹೋಗಿದ್ದಾರೆ ಮಗಳೇ."

ಆದರೆ ಜನ ಇಳಿದುಕೊಂಡ ಗುರುತಾಗಲಿ, ಒಣಗಲು ಹಾಕಿದ ಒಂದು ಬಟ್ಟೆಯಾಗಲಿ ಎಲ್ಲೂ ಇರಲಿಲ್ಲ. ಅವರ ಕೋಣೆ ಕೊನೆಯದು. ಒಳಗೆ ಮಂಚದ ಕೆಳಗೆ ಒಂದು ಜೊತೆ ಹೆಂಗಸರ ಚಪ್ಪಲಿ. ನೀಲಿ ಬಣ್ಣದ್ದು. ಪಟ್ಟಿಯ ಮೇಲೆ ಧೂಳು ಕೂತಿತ್ತು.

ಚಪ್ಪಲಿ ಬಿಟ್ಟು ಊರಿಗೆ ಹೋಗುವವರು ಯಾರು? ಹೇಗೆ ಹೋಗಿರಬಹುದು?

ಮಂಚದ ಮೇಲೆ ಕೂತು ಫೋನಿನಲ್ಲಿ ಆ ವಸತಿಗೃಹದ ಫೋಟೋಗಳನ್ನು ಮತ್ತೆ ತೆರೆದಳು. ಹನ್ನೊಂದು ಫೋಟೋ. ಕಿಟಕಿ, ಹಾಸಿಗೆ, ಹೂಕುಂಡ, ಸಮುದ್ರ. ಒಂದರಲ್ಲೂ ಬಾಗಿಲ ಒಳಭಾಗ ಕಾಣುತ್ತಿರಲಿಲ್ಲ.

ಸಂಜೆ ಆರರ ಹೊತ್ತಿಗೆ ತಂಗಿ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಿದ್ದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಹೊಚ್ಚ ಹೊಸ, ಗಟ್ಟಿ, ಥಳಥಳಿಸುವ ಚಿಲಕ. ಅದಕ್ಕೇ ಇರಬೇಕು, ಚಿಲಕ ಹೋಗಿ ಕೂರುವ ಕಬ್ಬಿಣದ ಪಟ್ಟಿಯನ್ನು ಅವಳು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

ಈಗ ನೋಡಿದಳು. ಆ ಪಟ್ಟಿ... ಅಲುಗುತ್ತಿತ್ತು.

ಯಾರೂ ಬಾಗಿಲು ತಟ್ಟಿರಲಿಲ್ಲ. ಹೆಜ್ಜೆ ಸಪ್ಪಳವೂ ಆಗಿರಲಿಲ್ಲ. ಆದರೆ ಚೌಕಟ್ಟಿನ ಮರದಿಂದ ಪಟ್ಟಿಯ ಸ್ಕ್ರೂಗಳು ಒಂದೊಂದೇ ಎಳೆಯಷ್ಟು ಹೊರಬರುತ್ತಿದ್ದವು. ಹೊರಗಿನಿಂದ ಯಾರೋ ನಿಧಾನವಾಗಿ, ಅಭ್ಯಾಸವಿದ್ದವರ ಹಾಗೆ, ಬಾಗಿಲು ಒತ್ತುತ್ತಿದ್ದರು.

ಅವಳು ತಂಗಿಯ ಕಡೆ ಕೈ ಚಾಚಿದಳಷ್ಟೆ. ತಂಗಿ ಬಾಗಿಲು ನೋಡಿದಳು, ಅಕ್ಕನ ಮುಖ ನೋಡಿದಳು. ಚೀಲದಿಂದ ಬೆಣೆ ತೆಗೆದು ಬಾಗಿಲ ಕೆಳಗಿಟ್ಟು ಹಿಮ್ಮಡಿಯಿಂದ ಒದ್ದಳು.

ಬಾಗಿಲು ನಿಂತಿತು.

ಹೊರಗೆ ಒಂದು ಉಸಿರು... ಮತ್ತೊಂದು. ಆಮೇಲೆ ಬೆಣ್ಣೆಯಂಥ ದನಿ: "ಟವೆಲ್ ತಂದಿದ್ದೆ ಮಗಳೇ."

ಟವೆಲ್ ತಂದವರು ಬಾಗಿಲು ತಟ್ಟುವುದಿಲ್ಲವೇ?

ಆ ಕ್ಷಣದಲ್ಲಿ ಅವಳಿಗೆ ಹೊಳೆದದ್ದು ಒಂದೇ. 'ಬೇರೆ ಕಡೆ ಕರೆದೊಯ್ಯುವ ಅಪರಿಚಿತರನ್ನು ನಂಬಬೇಡಿ' ಎಂದು ಬರೆದವಳು ಅವಳೇ. ಆದರೆ ಅವನು ಎಲ್ಲಿಗೂ ಕರೆದಿರಲಿಲ್ಲ! ಇನ್ನೊಂದು ಲಾಡ್ಜಿನ ಹೆಸರನ್ನೂ ಹೇಳಿರಲಿಲ್ಲ. ತನ್ನ ಎಚ್ಚರಿಕೆಯನ್ನು ತಾನೇ ಅರ್ಧ ಓದಿದ್ದಳು.

ತಂಗಿ ಆಗಲೇ ಫೋನು ಕಿವಿಗಿಟ್ಟಿದ್ದಳು. "ಬೆಣೆ... ಅಲ್ಲ, ಅಣ್ಣಾ, ನಾವು..."

"ಎದುರಿನ ಟೈಲರ್ ಅಂಗಡೀಲೇ ಇದ್ದೀನಿ," ಎಂದಿತು ಆ ಕಡೆಯ ದನಿ. "ಬೆಣೆ ತೆಗೀಬೇಡಿ. ಟೈಲರ್ ಅಕ್ಕನ್ನೂ ಕರ್ಕೊಂಡು ಬರ್ತೀನಿ. ಅವರ ದನಿ ಕೇಳಿದ ಮೇಲೇ ಬಾಗಿಲು ತೆಗೀರಿ, ನನ್ನ ದನಿಗಲ್ಲ."

ಅಕ್ಕನ ಕಣ್ಣು ತುಂಬಿ ಬಂತು. ನನ್ನನ್ನು ನಂಬಿ ಎಂದು ಅವನು ಈಗಲೂ ಕೇಳಲಿಲ್ಲ!

* * *

ಪೊಲೀಸ್ ಠಾಣೆಯ ಬೆಂಚಿನ ಮೇಲೆ ಅಕ್ಕನಿಗೂ ಅವನಿಗೂ ನಡುವೆ ತಂಗಿ ಕೂತಿದ್ದಳು, ಟೈಲರ್ ಅಕ್ಕ ಹೊದಿಸಿದ ಶಾಲಿನೊಳಗೆ ಮುದುಡಿಕೊಂಡು. ಟೈಲರ್ ಅಕ್ಕನ ದನಿ ಕೇಳಿ ಬಾಗಿಲು ತೆಗೆದು ಹೊರಬಂದದ್ದಾಗಿತ್ತು, ಇಲ್ಲಿ ದೂರು ಬರೆದುಕೊಟ್ಟದ್ದೂ ಆಗಿತ್ತು. ಗುರುತಿನ ಚೀಟಿಗಳು ವಾಪಸ್ ಸಿಕ್ಕಿದ್ದವು.

"ಕಮಿಷನ್ ಅಂತ ಕೇಳಿದ್ದಕ್ಕೆ... ಕ್ಷಮಿಸಿ," ಎಂದಳು ಅವಳು.

"ಇರ್ಲಿ ಬಿಡಿ," ಎಂದ ಅವನು.

"ಆದ್ರೆ ಕಾರಣ ಯಾಕೆ ಹೇಳ್ಲಿಲ್ಲ? ಚಿಲಕ ಹಿಡಿಯಲ್ಲ ಅಂತ ಒಂದು ಮಾತು ಹೇಳಿದ್ರೆ..."

"ಹೇಳಿದ್ರೆ, ನಿಮಗೆ ಹೇಗೆ ಗೊತ್ತು ಅಂತ ಕೇಳ್ತಿದ್ರಿ."

"ಹೇಗೆ ಗೊತ್ತು?"

ಅವನು ತನ್ನ ಕೈಗಳನ್ನು ನೋಡಿಕೊಂಡ. ಬೀಗ ರಿಪೇರಿ ಮಾಡಿ ಮಾಡಿ ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು.

"ಅದನ್ನ ಹಾಕಿದ್ದು ನಾನೇ."

ಅವಳ ಕೈ ತಾನಾಗಿಯೇ ತಂಗಿಯನ್ನು ಹತ್ತಿರಕ್ಕೆಳೆದುಕೊಂಡಿತು.

"ಕಾಲಿಂಚಿನ ಸ್ಕ್ರೂ ಹಾಕು, ಒಳಗೆ ಯಾರಾದ್ರೂ ಹುಷಾರು ತಪ್ಪಿ ಬಿದ್ರೆ ತೆಗೆಯೋಕೆ ಸುಲಭ ಆಗ್ಲಿ ಅಂದ್ರು ಯಜಮಾನ್ರು. ದೊಡ್ಡ ಮನುಷ್ಯರು, ಸರಿಯಾಗೇ ಹೇಳ್ತಾರೆ ಅಂದ್ಕೊಂಡೆ. ಒಂದು ತಿಂಗಳಾದ ಮೇಲೆ ಆ ಕೋಣೇಲಿದ್ದ ಹುಡುಗಿ ಅಂಗಡಿಗೆ ಬಂದ್ಲು. ನೀಲಿ ಚಪ್ಪಲಿ ಹಾಕ್ಕೊಂಡಿದ್ಲು. ಚಿಲಕ ಸಡಿಲ ಇದೆ, ಸ್ವಲ್ಪ ಬಂದು ನೋಡಿ ಅಂದ್ಲು. ಕೈ ತುಂಬ ಕೆಲಸ ಇತ್ತು. ನಾಳೆ ಬರ್ತೀನಿ ಅಂದೆ."

"ಹೋದ್ರಾ?"

"ನಾನು ಹೋಗೋಕೆ ಮುಂಚೆ ಅವಳೇ ಸಿಕ್ಕಿದ್ಲು. ಬೆಳಗಿನ ಮೊದಲ ಬಸ್ಸಿಗೆ ನಿಂತಿದ್ಲು. ಬರಿಗಾಲಲ್ಲಿ."

ಅವಳಿಗೆ ಮಂಚದ ಕೆಳಗಿನ ಧೂಳು ಹಿಡಿದ ಚಪ್ಪಲಿ ನೆನಪಾಯಿತು.

"ಅವಳು ದೂರು ಕೊಡ್ಲಿಲ್ಲ. ನಾನೇ ಇಲ್ಲಿಗೆ ಬಂದು ಹೇಳಿದೆ. ಸ್ಕ್ರೂ ಸಣ್ಣದಾದ್ರೆ ಅದ್ಯಾವ ಅಪರಾಧನಯ್ಯ ಅಂತ ನಕ್ಕರು. ಅವತ್ತಿಂದ ಪ್ರತಿ ಬಸ್ಸಿಗೂ ಹೋಗ್ತೀನಿ. ಎಲ್ಲರೂ ನಿಮ್ಮ ಹಾಗೇ ಕೇಳ್ತಾರೆ, ಕಮಿಷನ್ ಎಷ್ಟು ಅಂತ."

ಒಳಗಿನಿಂದ ಅವನನ್ನು ಕರೆದರು. ಅವನು ಎದ್ದು ಹೋಗಿ, ಸ್ಕ್ರೂ ಹಾಕಿದವನು ತಾನೇ ಎಂದು ಹೇಳಿಕೆ ಬರೆದು ಸಹಿ ಹಾಕಿದ. ಬೀಗದವನ ಮೇಲೇ ನಂಬಿಕೆ ಹೋದರೆ ಅವನ ಅಂಗಡಿಗೆ ಯಾರು ಬರುತ್ತಾರೆ? ಅದು ಅವನಿಗೂ ಗೊತ್ತಿತ್ತು. ಆದರೂ ಏನನ್ನೂ ಮುಚ್ಚಿಡಲಿಲ್ಲ.

ಅವಳಿಗೆ ಕೋಪ ಬರಬೇಕಿತ್ತು, ಬಂದಿತ್ತು ಕೂಡ. ಆದರೆ ಆ ಕೋಪದ ಕೆಳಗೆ ಇನ್ನೇನೋ ಇತ್ತು... ತನ್ನ ತಪ್ಪಿನ ಎದುರು ದಿನಾ ಹೋಗಿ ನಿಲ್ಲುವ ಮನುಷ್ಯನನ್ನು ಅವಳು ಈವರೆಗೆ ಕಂಡಿರಲಿಲ್ಲ.

* * *

ಆಮೇಲೆ ಭಾನುವಾರಗಳು ಬಂದವು. ಕೇಸಿನ ಸುದ್ದಿ ಹೇಳಲು ಅವನು ಫೋನು ಮಾಡುತ್ತಿದ್ದ. ಸುದ್ದಿ ಎರಡು ನಿಮಿಷದ್ದು, ಕರೆ ಒಂದು ಗಂಟೆಯದು. ಅದರಲ್ಲಿ ಅರ್ಧದಷ್ಟು ಬರೀ ಮೌನ. ಆ ಮೌನದಲ್ಲಿ ಅವನ ಕಬ್ಬಿಣದ ಅರ ಬೀಗದಕೈಯನ್ನು ಉಜ್ಜುವ ಸದ್ದು ಕೇಳುತ್ತಿತ್ತು. ಅಷ್ಟೇ ಅವಳಿಗೆ ಸಾಕಾಗುತ್ತಿತ್ತು.

"ಅಮ್ಮಾ, ಬೀಗದವರು ನಮ್ಮ ಬೀಗರಾಗೋ ಹಾಗಿದೆ!" ಎಂದು ತಂಗಿ ಅಡುಗೆಮನೆಗೆ ಕೇಳುವಂತೆ ಕೂಗುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ಸಾಕ್ಷಿ ಹೇಳಲು ಅವಳು ಒಬ್ಬಳೇ ಅದೇ ಬಸ್ಸಿನಲ್ಲಿ ಬಂದಿಳಿದಳು. ಅವನು ಅದೇ ಕಂಬದ ಪಕ್ಕ ನಿಂತಿದ್ದ. ಅಂಗಿ ಇನ್ನೂ ಹಳೆಯದಾಗಿತ್ತು, ಮುಖ ಇಳಿದಿತ್ತು.

"ಅಂಗಡಿ?"

"ಹೇಗೋ ನಡೀತಿದೆ."

"ಆ ಹಸಿರು ಗೇಟು?"

"ಯಜಮಾನ್ರಿಗೆ ಜಾಮೀನು ಸಿಕ್ತು. ಗೇಟಿಗೆ ಬಿಳಿ ಬಣ್ಣ ಹೊಡೆಸಿದ್ದಾರೆ. ಹೆಸರೂ ಬದಲಾಗಿದೆ."

ಅವಳು ಫೋನು ತೆರೆದಳು. ಹೊಸ ಹೆಸರು. ಹೊಸ ಹೊಗಳಿಕೆಗಳು. ಕೆಳಗೆ ಅವೇ ಹನ್ನೊಂದು ಫೋಟೋಗಳು.

ಅಷ್ಟರಲ್ಲಿ ಮುಂದಿನ ಬಸ್ಸು ಬಂತು. ಚೀಲ ಹೊತ್ತ ಇಬ್ಬರು ಗೆಳತಿಯರು ಇಳಿದು ಆಟೋದವನನ್ನು ಕೇಳಿದರು: "ಬಿಳಿ ಗೇಟಿನ ಮನೆಗೆ ಬರ್ತೀರಾ?"

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಅವನ ತೋಳು ಮುಟ್ಟಿ ತಡೆದು, ತಾನೇ ಹೋದಳು.

"ಅಲ್ಲಿಗೆ ಹೋಗಬೇಡಿ. ಅಲ್ಲಿಯ ಕೋಣೇಲಿ ನಾನಿದ್ದೆ. ಒಳಗಿನ ಚಿಲಕ ನಿಲ್ಲಲ್ಲ."

ಗೆಳತಿಯರು ಮುಖ ಮುಖ ನೋಡಿಕೊಂಡರು. ಒಬ್ಬಳ ತುಟಿಯ ಮೇಲೆ ಅವಳಿಗೆ ಚೆನ್ನಾಗಿ ಪರಿಚಯವಿದ್ದ ಅದೇ ನಗು. "ಎಷ್ಟು ಸಿಗುತ್ತೆ ಮೇಡಂ ನಿಮಗೆ?"

"ಏನೂ ಸಿಗಲ್ಲ. ನಾನು ಬೇರೆ ಯಾವ ಜಾಗದ ಹೆಸರೂ ಹೇಳ್ತಿಲ್ಲ, ಗಮನಿಸಿ. ನೀವೇ ಹುಡುಕ್ಕೊಳ್ಳಿ. ಎಲ್ಲೇ ಇಳ್ಕೊಂಡ್ರೂ ಚಿಲಕ ಹಾಕಿ, ಒಬ್ಬರು ಹೊರಗಿಂದ ತಳ್ಳಿ ನೋಡಿ."

ಆ ನಗು ಮಾಸಿತು. ಗೆಳತಿಯರು ಆಟೋ ಬಿಟ್ಟು, ಚೀಲಗಳನ್ನೆತ್ತಿಕೊಂಡು ಮುಖ್ಯ ರಸ್ತೆಯ ಕಡೆ ನಡೆದರು.

ಅವಳು ಮರಳಿ ಬಂದಾಗ ಅವನ ಕಣ್ಣು ಒದ್ದೆಯಾಗಿತ್ತು. "ಮೊದಲ ಸಲ," ಎಂದ. "ಇಷ್ಟು ತಿಂಗಳಲ್ಲಿ ಇದೇ ಮೊದಲ ಸಲ."

"ಒಬ್ಬರೇ ನಿಂತ್ರೆ ದಲ್ಲಾಳಿ ಅಂದ್ಕೋತಾರೆ. ಇಬ್ಬರು ನಿಲ್ಲಬೇಕು," ಎಂದಳು. ಆಮೇಲೆ ಚಪ್ಪಲಿಯ ತುದಿ ನೋಡುತ್ತ, ಮೆಲ್ಲಗೆ: "ನಾನೂ ಒಂದು ಜಾಗ ಹುಡುಕ್ತಿದ್ದೀನಿ. ಸುರಕ್ಷಿತವಾಗಿರಬೇಕು. ನಾಲ್ಕು ದಿನಕ್ಕಲ್ಲ... ಪೂರ್ತಿಯಾಗಿ ಉಳಿಯೋಕೆ. ನಿಮಗೆ ಗೊತ್ತಿರೋದು ಯಾವುದಾದ್ರೂ ಇದೆಯಾ?"

ಅವನು ಸೊಂಟದ ಗೊಂಚಲಿನಲ್ಲಿ ಒಂದು ಬೀಗದಕೈಯನ್ನು ಹುಡುಕಿ ಹಿಡಿದುಕೊಂಡ. ಯಾರಿಗೂ ಯಾವ ಜಾಗವನ್ನೂ ತೋರಿಸದೆ ಬಂದವನಲ್ಲವೇ!

"ಇದೆ," ಎಂದ ಕೊನೆಗೆ. "ಎರಡೇ ಕೋಣೆ. ಅಮ್ಮ ಇದ್ದಾರೆ. ಚಿಲಕಕ್ಕೆ ಮೂರಿಂಚಿನ ಸ್ಕ್ರೂ. ನಾನೇ ಹಾಕಿದ್ದು."

"ಒಳಗಿಂದ ಹಾಕ್ಕೊಂಡು ನೋಡ್ತೀನಿ. ನೀವು ಹೊರಗಿಂದ ತಳ್ಳಬೇಕು."

"ಎಷ್ಟು ಬೇಕಾದ್ರೂ ತಳ್ತೀನಿ."

"ಕಮಿಷನ್?"

ಅವನು ನಕ್ಕ. ಅವಳು ಅವನ ನಗು ಕಂಡದ್ದು ಅದೇ ಮೊದಲು. ಅವಳ ಸೂಟ್‌ಕೇಸನ್ನು ಅವನು ಎತ್ತಿಕೊಂಡ. ಇಬ್ಬರೂ ಹೊರಟರು.

ತಿರುವಿನಲ್ಲಿ ಅವಳು ಕೇಳಿದಳು: "ಆ ನೀಲಿ ಚಪ್ಪಲಿಯವಳು... ಬಸ್ ಹತ್ತೋಕೆ ಮುಂಚೆ ನಿಮ್ಮ ಹತ್ರ ಮಾತಾಡಿದ್ಲಾ?"

"ಮಾತಾಡಿದ್ಲು. ಒಂದೇ ಮಾತು. ಅದಕ್ಕೇ ಪ್ರತಿ ಬಸ್ಸಿಗೂ ಬರ್ತೀನಿ."

ಅವನು ಸೂಟ್‌ಕೇಸನ್ನು ಇನ್ನೊಂದು ಕೈಗೆ ಬದಲಾಯಿಸಿ, ಖಾಲಿಯಾದ ಕೈಯಿಂದ ಅವಳ ಕೈ ಹಿಡಿದ. ಅವಳು ಮತ್ತೆ ಕೇಳಲಿಲ್ಲ.

ಅವರಿಗೆ ಮದುವೆಯಾಯಿತು. ಬಸ್ಸುಗಳು ಬರುತ್ತಲೇ ಇದ್ದವು, ಇಬ್ಬರೂ ಹೋಗಿ ನಿಲ್ಲುತ್ತಲೇ ಇದ್ದರು. ಬರಿಗಾಲಿನ ಆ ಹುಡುಗಿ ಅವತ್ತು ತನಗೆ ಏನು ಹೇಳಿದಳು ಎಂಬುದನ್ನು ಅವನು ಯಾವತ್ತೂ ಹೇಳಲಿಲ್ಲ.