ಕೈಗುಣದ ಡಾಕ್ಟರು

2007ರ ಮಾರ್ಚ್ 14, ಬುಧವಾರ. ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ಹಿರಿಯೂರು ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು, ಕುಂತ್ಕಳ್ರಿ ಎಂದು ಎರಡು ಸಲ ಹೇಳಿದರೂ ಕೂರಲಿಲ್ಲ. ಹೆಸರು ಸಿದ್ದಕ್ಕ, ವಯಸ್ಸು ನಲವತ್ತೆಂಟು, ಊರು ಜವನಗೊಂಡನಹಳ್ಳಿ, ಕಸುಬು ಕುರಿ ಸಾಕಣೆ. ಕೈಯಲ್ಲಿ ಒಂದು ಚೀಟಿ ಇತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹಿಡಿದುಕೊಂಡೇ ಬಂದಿದ್ದರಿಂದ ಅದು ಬೆವರಿಗೆ ಮೆತ್ತಗಾಗಿತ್ತು.

ಇನ್ಸ್‌ಪೆಕ್ಟರ್ ಮೂರ್ತಪ್ಪ ಚೀಟಿ ಬಿಡಿಸಿ ಓದಿದರು. ಚಿತ್ರದುರ್ಗದ ಆಸ್ಪತ್ರೆಯಿಂದ ಚರ್ಮದ ವೈದ್ಯೆ ಉಷಾರಾಣಿ ಬರೆದಿದ್ದರು. ಸಿದ್ದಕ್ಕನ ಮಗಳು ಜಯಶೀಲಾ, ವಯಸ್ಸು ಇಪ್ಪತ್ನಾಲ್ಕು. ನಿನ್ನೆ ಸಂಜೆ ಹಿರಿಯೂರಿನಲ್ಲಿ ಯಾರೋ ಅವಳ ಮೂಗಿನ ಪಕ್ಕ ಸಿಡುಬಿನ ಗುಳಿ ತುಂಬುವ ಇಂಜೆಕ್ಷನ್ ಕೊಟ್ಟಿದ್ದಾರೆ. ರಕ್ತ ಓಡುವ ದಾರಿ ಕಟ್ಟಿಕೊಂಡು ಚರ್ಮ ನೀಲಿಯಾಗಿದೆ. ಚುಚ್ಚಿದ್ದು ಏನೆಂದು ತಿಳಿದರೆ ಕರಗಿಸಲು ಬರುತ್ತದೋ ಇಲ್ಲವೋ ಹೇಳಬಹುದು, ತಿಳಿಯದೆ ಕೈಹಾಕುವಂತಿಲ್ಲ. ಔಷಧಿಯ ಡಬ್ಬಿ ಬೇಕು. ಸಂಜೆಯೊಳಗೆ ಸಿಗದಿದ್ದರೆ ಮೂಗಿನ ಒಂದು ಬದಿ ಉಳಿಯುವುದು ಕಷ್ಟ.

"ಕಂಪ್ಲೇಂಟು ಯಾರ ಮೇಲಮ್ಮಾ?" ಮೂರ್ತಪ್ಪ ಕೇಳಿದರು.

"ಡಾಕ್ಟ್ರು ಮೋಹನ್‌ಕುಮಾರ್ ಅಂತ. ಅವನ್ನ ಹಿಡದ್ರೂ ಆತು ಬಿಟ್ರೂ ಆತು ಸಾಹೇಬ್ರೆ. ನಂಗೆ ಆ ಡಬ್ಬಿ ಕೊಡ್ಸ್ರಿ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೂರ್ತಪ್ಪನವರು ಕಳ್ಳನನ್ನು ಹಿಡಿಯಿರಿ ಎಂದವರನ್ನು ಕಂಡಿದ್ದರು, ಒದೆಯಿರಿ ಎಂದವರನ್ನೂ ಕಂಡಿದ್ದರು. ಕಳ್ಳ ಬೇಡ, ಡಬ್ಬಿ ಬೇಕು ಎಂದವರು ಇವರೊಬ್ಬರೇ. 9.25ಕ್ಕೆ ಎಫ್‌ಐಆರ್ ದಾಖಲಾಯಿತು. ಐಪಿಸಿ 419, 420, 337: ಸುಳ್ಳು ಹೆಸರಿನ ವಂಚನೆ, ಮೋಸ, ಅಜಾಗರೂಕತೆಯಿಂದ ಗಾಯ.

ಕ್ಲಿನಿಕ್ ಎಂಬುದು ಬಸ್‌ ನಿಲ್ದಾಣದ ಹಿಂದೆ, ಶಾಂತಕ್ಕ ಎಂಬುವರ ಬಳೆ ಅಂಗಡಿಯ ಮೇಲಿನ ಒಂದೇ ಕೋಣೆ. ಹೊರಗೆ ತಗಡಿನ ಬೋರ್ಡು: ಮೊಡವೆ, ಗುಳಿ, ಸುಕ್ಕು, ಬೆಂಗಳೂರಿನ ತಜ್ಞರಿಂದ, ಪ್ರತಿ ಮಂಗಳವಾರ. ಕೆಳಗೆ ಸಣ್ಣ ಅಕ್ಷರದಲ್ಲಿ ನೋಂದಣಿ ಸಂಖ್ಯೆ. ಮಹಿಳಾ ಪೇದೆ ಹೇಮಾವತಿ ಆ ಸಂಖ್ಯೆಯನ್ನು ಬೆಂಗಳೂರಿನ ವೈದ್ಯಕೀಯ ಪರಿಷತ್ತಿಗೆ ಫೋನ್ ಮಾಡಿ ವಿಚಾರಿಸಿದರು. ಹತ್ತೇ ನಿಮಿಷಕ್ಕೆ ಉತ್ತರ ಬಂತು. ಆ ಸಂಖ್ಯೆ ಕರಾವಳಿಯ ಒಬ್ಬ ಹೆರಿಗೆ ಡಾಕ್ಟರಮ್ಮನದು.

"ಥೂ ಇವನ! ಹತ್ತು ನಿಮಿಷದ ಕೆಲಸ ಸಾರ್ ಇದು. ಚುಚ್ಚಿಸ್ಕಳೋಕೆ ಮುಂಚೆ ಒಬ್ರಾದ್ರೂ ಕೇಳಬಾರ್ದಾ?" ಎಂದು ಹೇಮಾವತಿ ಹಲ್ಲು ಕಡಿದರು.

ಶಾಂತಕ್ಕ ಮತ್ತು ಎದುರಿನ ಹೋಟೆಲಿನವರನ್ನು ಪಂಚರನ್ನಾಗಿ ಮಾಡಿಕೊಂಡು ಹೆಡ್ ಕಾನ್ಸ್‌ಟೇಬಲ್ ಕಾಟಪ್ಪ ಪಂಚನಾಮೆ ಬರೆದರು. ಒಂದು ಮಂಚ, ಒಂದು ಕುರ್ಚಿ, ಹತ್ತಿ, ಸ್ಪಿರಿಟ್ ಬಾಟಲಿ, ಗೋಡೆಗೆ ಬಿಳಿ ಕೋಟು. ಕಸದ ಬುಟ್ಟಿ ಸಹ ಖಾಲಿ. ಔಷಧಿಯ ಡಬ್ಬಿ ಇಲ್ಲ, ಸಿರಿಂಜಿಲ್ಲ. ಬೋರ್ಡಿನ ಮೇಲಿನ ಮೊಬೈಲ್ ಸ್ವಿಚ್ ಆಫ್. ಆತನ ಊರು ಶಾಂತಕ್ಕನಿಗೂ ಗೊತ್ತಿಲ್ಲ. "ಡಾಕ್ಟ್ರು ಅಂದ್ರು, ಬಾಡಿಗೆ ಕೊಟ್ಟೆ. ಡಾಕ್ಟ್ರನ್ನ ನಿಮ್ಮೂರು ಯಾವ್ದು ಅಂತ ಯಾರು ಕೇಳ್ತಾರೆ ಸಾರ್?"

10 ಗಂಟೆ 20 ನಿಮಿಷ. ಮೂರ್ತಪ್ಪ ಆ ಖಾಲಿ ಮಂಚದ ಪಕ್ಕವೇ ಸಿದ್ದಕ್ಕನನ್ನು ಕೂರಿಸಿಕೊಂಡರು.

"ನೀವೂ ಮಗಳ ಜೊತೆ ಬಂದಿದ್ರಾ?"

"ಬಂದಿದ್ದೆ. ಅವ್ಳು ಫೋಟೋ ಸ್ಟುಡಿಯೋದಾಗೆ ಕೆಲಸ ಮಾಡ್ತಾಳೆ. ದಿನಾ ಕಂಪ್ಯೂಟರ್‌ನಾಗೆ ಬೇರೆಯೋರ ಮುಖದ ಕಲೆ ಅಳಿಸ್ತಾಳಂತೆ. ತನ್ನ ಸೀತಾಳೆ ಸಿಡುಬಿನ ಗುಳಿ ಹಂಗೇ ಐತಲ್ಲ ಅಂತ ಒಂದೇ ಹಟ. ನಾನೇ ಬ್ಯಾಡ ಅಂದಿದ್ದೆ."

"ಆಮೇಲೆ ಯಾಕೆ ಒಪ್ಪಿದ್ರಿ?"

ಸಿದ್ದಕ್ಕ ತಲೆ ತಗ್ಗಿಸಿದರು. "ಕೈ ನೋಡಿ ಒಪ್ಪಿದೆ. ನಮಗಿಂತ ಮುಂಚೆ ಒಬ್ಬ ಹೆಂಗಸಿಗೆ ಹಾಕ್ತಿದ್ದ. ಆಕೆ ಚೂರೂ ಮಿಸುಕ್ಲಿಲ್ಲ. ಎಂಥಾ ಕೈಗುಣ ಅಂದ್ಕಂಡೆ."

ಇದರಲ್ಲಿ ಸಿದ್ದಕ್ಕನನ್ನು ಬೈಯುವಂತಿಲ್ಲ. ನಮ್ಮ ಕಡೆ ಡಾಕ್ಟರ ಸರ್ಟಿಫಿಕೇಟು ನೋಡಿದವರು ಯಾರಿದ್ದಾರೆ? ಅವರ ಕೈಗುಣ ಚೆನ್ನಾಗಿದೆಯಂತೆ ಎಂದು ಯಾರೋ ಅಂದರೆ ಮುಗಿಯಿತು, ಎಂಥ ಓದಿದವರೂ ಅಲ್ಲೇ ಹೋಗಿ ತೋಳು ಚಾಚುತ್ತಾರೆ. ಖುದ್ದು ಮೂರ್ತಪ್ಪನವರೇ ಹಲ್ಲು ಕೀಳಿಸಿಕೊಂಡಿದ್ದು ಅಂಥ ಒಬ್ಬರ ಹತ್ತಿರ.

"ಹೆಂಗೆ ಹಾಕ್ದ, ತೋರ್ಸ್ರಿ," ಎಂದು ಅವರು ಕಾಟಪ್ಪನ ತೋಳನ್ನು ಮುಂದೆ ಎಳೆದರು. ಕಾಟಪ್ಪನಿಗೆ ಸೂಜಿ ಎಂದರೆ ಆಗದು. "ಬರೀ ಬೆರಳಾಗೆ ತೋರ್ಸಮ್ಮಾ," ಎಂದು ಮುಖ ಆಚೆ ತಿರುಗಿಸಿದರು.

ಸಿದ್ದಕ್ಕ ಎಡಗೈಯ ಎರಡು ಬೆರಳಿಂದ ಅವರ ತೋಳಿನ ಚರ್ಮವನ್ನು ಚಿಟಿಕೆಯಷ್ಟು ಎತ್ತಿ ಹಿಡಿದರು. ಬಲಗೈಯ ಬೆರಳನ್ನು ಓರೆಯಾಗಿ ಅದರಡಿ ಜಾರಿಸಿದರು. ತೆಗೆದ ಮೇಲೆ ಹೆಬ್ಬೆರಳಿಂದ ಅದೇ ಜಾಗವನ್ನು ಒಂದು ಸುತ್ತು ಉಜ್ಜಿದರು. "ಸೂಜಿ ಮುಚ್ಚಳ ಹಲ್ಲಾಗೆ ಕಚ್ಕಳಾಕೆ ಹೋದ. ಬಾಯಿಗೆ ಬಟ್ಟೆ ಕಟ್ಟಿದ್ನಲ್ಲ, ಅಡ್ಡ ಬಂತು. ಕಿವಿ ಹಿಂದೆ ಸಿಗಿಸ್ಕಂಡ."

"ಇನ್ನೊಂದ್ಸಲ ಮಾಡ್ರಿ."

ಸಿದ್ದಕ್ಕ ಮತ್ತೆ ಚರ್ಮ ಎತ್ತಿ ಹಿಡಿದರು. ಹಿಡಿದವರು ಹಾಗೇ ನಿಂತುಬಿಟ್ಟರು. ಆಮೇಲೆ ಎರಡೂ ಕೈಯಿಂದ ಹಣೆ ಬಡಿದುಕೊಂಡರು.

"ಅಯ್ಯೋ ನನ್ನ ಹಣೆಬರವೇ! ಕುರಿ ಸೂಜಿ ಸಾಹೇಬ್ರೆ! ಕುರಿಗೆ ಲಸಿಕೆ ಹಾಕೋದು ಹಿಂಗೇ. ವರ್ಷ ವರ್ಷ ನೋಡಿದ ಕೈ ಅದು. ಅದಕ್ಕೇ ನಂಗೆ ಅಷ್ಟು ನಂಬಿಕೆ ಬಂದಿದ್ದು!"

ಕಾಟಪ್ಪನಿಗೆ ನಗು ಬಂತು, ಸಾಹೇಬರ ಮುಖ ನೋಡಿ ನುಂಗಿಕೊಂಡರು. ಮೂರ್ತಪ್ಪ ಆಗಲೇ ಮೆಟ್ಟಿಲು ಇಳಿಯುತ್ತಿದ್ದರು.

10.40ಕ್ಕೆ ಪಶು ಆಸ್ಪತ್ರೆ. ಅಲ್ಲಿನ ಹಿರಿಯ ಸಹಾಯಕ ಹನುಮಂತಪ್ಪ ಎಮ್ಮೆಯೊಂದರ ಬಾಯಿಗೆ ಬಿದಿರಿನ ಗೊಟ್ಟದಿಂದ ಔಷಧಿ ಹೊಯ್ಯುತ್ತಿದ್ದರು. ಕೆಲಸ ನಿಲ್ಲಿಸದೆಯೇ ಮೂರ್ತಪ್ಪನವರಿಗೆ ಉತ್ತರ ಕೊಟ್ಟರು.

"ಲಸಿಕೆ ಹಾಕೋ ಹುಡುಗರಲ್ಲಿ ಕೈ ಹಗುರ ಇದ್ದೋನು ಯಾರು?"

"ಮಾರುತೇಶ ಸಾರ್. ಹೊಸದುರ್ಗದೋನು. ದಿನಕ್ಕೆ ಐನೂರು ಕುರಿ ಮುಗಿಸ್ತಿದ್ದ, ಒಂದೂ ಅರಚ್ತಿರಲಿಲ್ಲ."

"ಈಗೆಲ್ಲಿ?"

"ನಾಲ್ಕು ವರ್ಷ ಆತು ಬಿಟ್ಟು. ಬೆಂಗಳೂರಾಗೆ ಯಾವ್ದೋ ಚರ್ಮದ ಡಾಕ್ಟ್ರ ಹತ್ರ ಅಟೆಂಡರ್ ಆಗಿದ್ದ. ಸಂಕ್ರಾಂತಿಗೆ ಸಿಕ್ಕಿದ್ದ, ಅದನ್ನೂ ಬಿಟ್ಟೆ, ಊರಿಗೇ ಬಂದೆ ಅಂದ. ಏನ್ ಸಾರ್, ಏನ್ ಮಾಡ್ಕಂಡ?"

ಹಳೆಯ ಪಟ್ಟಿಯಲ್ಲಿ ವಿಳಾಸ ಸಿಕ್ಕಿತು. 10.55ಕ್ಕೆ ಜೀಪು ಹೊರಟಿತು. ಗುರುತು ಹಿಡಿಯಲು ಸಿದ್ದಕ್ಕನೂ ಬಂದರು. ಮಾರಿಕಣಿವೆಯ ಹತ್ತಿರ ಫೋನಿಗೆ ಸಿಗ್ನಲ್ ಹೋಯಿತು. ಮುಕ್ಕಾಲು ಗಂಟೆ ಅದು ಬರಲೇ ಇಲ್ಲ. ಸಿಗ್ನಲ್ ಬಂದ ಕೂಡಲೇ ಹೇಮಾವತಿ ಡಾ. ಉಷಾರಾಣಿಗೆ ಫೋನ್ ಹಚ್ಚಿದರು. ನೀಲಿ ಮೇಲ್ದುಟಿಯ ಕಡೆಗೂ ಇಳಿದಿದೆ, ಬೇಗ ಮಾಡಿ ಎಂದರು ಡಾಕ್ಟರು. ಹೇಮಾವತಿ ಅದನ್ನು ಸಿದ್ದಕ್ಕನಿಗೆ ಹೇಳಲಿಲ್ಲ.

12 ಗಂಟೆ 10 ನಿಮಿಷ, ಹೊಸದುರ್ಗ. ಬಾಗಿಲು ತೆರೆದವರು ತಾಯಿ ಗಿರಿಯಮ್ಮ. ಮಗ ಮನೆಯಲ್ಲಿಲ್ಲ ಎಂದರು. ಅಷ್ಟರಲ್ಲಿ ಕಾಟಪ್ಪ ಹಿತ್ತಲ ಕಡೆಯಿಂದ ಇಪ್ಪತ್ತೊಂಬತ್ತರ ಒಬ್ಬನನ್ನು ರೆಟ್ಟೆ ಹಿಡಿದು ಕರೆತಂದರು. ಕೈಯಲ್ಲಿ ಬಟ್ಟೆಯ ಚೀಲ, ಕಾಲಲ್ಲಿ ಚಪ್ಪಲಿಯಿಲ್ಲ. ಎರಡೂ ಕೆನ್ನೆಯ ತುಂಬ ಸಿಡುಬಿನ ಗುಳಿಗಳು.

"ಇವ್ನೇ," ಎಂದರು ಸಿದ್ದಕ್ಕ. "ನಮ್ಮ ಕುರಿಗೆ ಹಾಕಾಕೆ ಬರ್ತಿದ್ದೋನೇ. ನಿನ್ನೆ ಬಟ್ಟೆ ಕಟ್ಟಿದ್ದ, ಮುಖ ಕಾಣ್ಲಿಲ್ಲ. ಕಣ್ಣು ಇವೇ."

"ಡಬ್ಬಿ ಎಲ್ಲಿ?" ಮೂರ್ತಪ್ಪ ಕೇಳಿದರು.

"ಯಾವ ಡಬ್ಬಿ ಸಾರ್? ನಾನು ಕುರಿಗೆ..."

"ನಿನ್ನೆ ಚುಚ್ಚಿದ ಹುಡುಗಿ ಮೂಗು ಕಪ್ಪಾಗ್ತಾ ಐತೆ. ಡಬ್ಬಿ ಬೇಕು."

"ನನ್ನತ್ರ ಏನೂ ಇಲ್ಲ ಸಾರ್."

ಕಾಟಪ್ಪನ ಕೈ ಮೇಲೆದ್ದಿತು. ಮೂರ್ತಪ್ಪ ಕಣ್ಣಲ್ಲೇ ತಡೆದರು. ಸಿದ್ದಕ್ಕ ಮುಂದೆ ಬಂದರು. ಹೊಡೆಯುತ್ತಾರೆ ಎಂದು ಅವನು ಮುಖ ಅಡ್ಡ ಹಿಡಿದ. ಅವರು ಹೊಡೆಯಲಿಲ್ಲ.

"ಏನಪ್ಪ, ನಮ್ಮ ಕುರಿಗೆ ನಿನ್ನ ಕೈಯಿಂದ ಒಂದು ದಿನಾನೂ ಕೆಡುಕಾಗಿಲ್ಲ," ಎಂದರು. "ನೀನು ಜೈಲಿಗೆ ಹೋಗೋದು ಹೋಗೇ ಹೋಗ್ತೀಯ. ನನ್ನ ಮಗಳ ಮೂಗನ್ನೂ ತಗಂಡು ಹೋಗ್ಬ್ಯಾಡ."

ಮಾರುತೇಶ ತಾಯಿಯ ಕಡೆ ನೋಡಿದ. ಆಮೇಲೆ ಒಳಗೆ ಹೋಗಿ ರಾಗಿ ಗುಡಾಣದೊಳಕ್ಕೆ ಮೊಳಕೈವರೆಗೂ ಕೈಹಾಕಿ ಒಂದು ಬಿಸ್ಕತ್ತಿನ ತಗಡಿನ ಡಬ್ಬ ಎತ್ತಿದ. ಒಳಗೆ ಪರದೇಶದ ಹೆಸರಿದ್ದ ಐದು ಖಾಲಿ ಪೆಟ್ಟಿಗೆಗಳು, ಒಡೆಯದ ಒಂದು ಪೆಟ್ಟಿಗೆ, ಅರ್ಧ ಉಳಿದ ಒಂದು ಸಿರಿಂಜು.

ಹೇಮಾವತಿ ಪೆಟ್ಟಿಗೆಯ ಮೇಲಿದ್ದುದನ್ನು ಒಂದೊಂದೇ ಅಕ್ಷರವಾಗಿ ಫೋನಿನಲ್ಲಿ ಓದಿದರು. "ಮೇಡಂ? ಕೇಳಿಸ್ತಾ ಮೇಡಂ?"

"ಕೇಳಿಸ್ತು," ಎಂದರು ಡಾ. ಉಷಾರಾಣಿ. "ಇದು ನಿಜವಾದ್ದಾದ್ರೆ ಕರಗಿಸೋ ಔಷಧಿ ಇದೆ. ಕಣ್ಣಿನ ಪೊರೆ ಆಪರೇಷನ್‌ಗೆ ಬಳಸ್ತಾರೆ, ಇಲ್ಲೇ ಸಿಗುತ್ತೆ. ಆದ್ರೆ ಒಳಗಿದ್ದಿದ್ದೂ ಅದೇನಾ? ಬೇರೆ ಎಣ್ಣೆ ಗಿಣ್ಣೆ ತುಂಬಿದ್ನಾ? ಅವನನ್ನೇ ಕೇಳ್ಬೇಕು. ಫೋನ್ ಕೊಡಿ."

ಮೂರ್ತಪ್ಪ ಫೋನನ್ನು ಮಾರುತೇಶನ ಕಿವಿಗೆ ಹಿಡಿದರು. ಹೌದು ಎಂದರೆ ತಪ್ಪು ಒಪ್ಪಿಕೊಂಡಂತೆ, ಅಷ್ಟು ಅವನಿಗೂ ಗೊತ್ತಿತ್ತು.

"ಅದೇ ಮೇಡಂ. ಏನೂ ಬೆರೆಸಿಲ್ಲ. ಸೀಲು ಅಲ್ಲೇ ಒಡೆದೆ. ಎಡಗಡೆ, ಮೂಗಿನ ಬುಡದಾಗೆ ಎರಡು ಸಲ ಚುಚ್ಚಿದೆ. ಎರಡನೇ ಸಲ ಹುಡುಗಿ ಉರಿ ಅಂದ್ಲು... ಆದ್ರೂ ಒತ್ತಿದೆ."

"ಸರಿ, ಶುರು ಮಾಡ್ತೀನಿ. ಸಿರಿಂಜು ತಗೊಂಡು ಬನ್ನಿ," ಎಂದು ಡಾಕ್ಟರು ಫೋನಿಟ್ಟರು. ಆಗ 12 ಗಂಟೆ 35 ನಿಮಿಷ.

ಜಪ್ತಿ ಪಂಚನಾಮೆ ಮುಗಿಸಿ, ಬಂಧನದ ವಿಷಯ ಗಿರಿಯಮ್ಮನಿಗೆ ತಿಳಿಸಿ ಸಹಿ ಪಡೆದು 1.10ಕ್ಕೆ ಹೊರಟರು. ಹೊಳಲ್ಕೆರೆಯಲ್ಲಿ ಡ್ರೈವರ್ ಒಂದು ಟೀ ಕುಡಿಯಾಣ ಎಂದ. ನಾಲ್ಕೂ ಜನ ಒಟ್ಟಿಗೆ ಗದರಿಕೊಂಡರು. ಅವನು ಟೀ ಮಾತು ಬಿಟ್ಟ.

ಚಿತ್ರದುರ್ಗದ ಆಸ್ಪತ್ರೆ ಮುಟ್ಟಿದಾಗ 2.45. ಕಾಟಪ್ಪ ಆರೋಪಿಯೊಂದಿಗೆ ಜೀಪಿನಲ್ಲೇ ಉಳಿದರು. ಜಯಶೀಲಾಳ ತಂದೆ ಚಿತ್ರಲಿಂಗಪ್ಪ ವಾರ್ಡಿನ ಬಾಗಿಲಲ್ಲಿ ಟವೆಲಿನಿಂದ ಮುಖ ಮುಚ್ಚಿಕೊಂಡು ನಿಂತಿದ್ದರು. ಅದನ್ನು ಕಂಡು ಸಿದ್ದಕ್ಕ ಹೊರಗೇ ನಿಂತುಬಿಟ್ಟರು. ಹೇಮಾವತಿ ಸೊಂಟ ಹಿಡಿದು ಒಳಗೆ ನಡೆಸಿದರು.

ಡಾ. ಉಷಾರಾಣಿ ಸಿರಿಂಜನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದರು. ಆಗಲೇ ಎರಡು ಸಲ ಔಷಧಿ ಕೊಟ್ಟಾಗಿತ್ತು. ಅವರು ಜಯಶೀಲಾಳ ಮೂಗಿನ ಬದಿಯನ್ನು ಬೆರಳಿಂದ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗ ಒಂದು, ಎರಡು ಎಣಿಸುವಷ್ಟರಲ್ಲಿ ಕೆಂಪಗೆ ತುಂಬಿಕೊಂಡಿತು.

"ನೋಡಿ, ರಕ್ತ ಓಡ್ತಿದೆ. ಬೆಳಗ್ಗೆ ಹತ್ತು ಎಣಿಸಿದ್ರೂ ಬರ್ತಿರಲಿಲ್ಲ. ಉಳೀತು. ಒಂದು ಸಣ್ಣ ಕಲೆ ನಿಲ್ಲಬಹುದು, ಅಷ್ಟೇ."

ಸಿದ್ದಕ್ಕ ಅಲ್ಲೇ ನೆಲದ ಮೇಲೆ ಕೂತು ಗಳಗಳನೆ ಅತ್ತರು. ಹೊರಗೆ ಚಿತ್ರಲಿಂಗಪ್ಪ ಟವೆಲಿನೊಳಗೆ ಅಳುತ್ತಿದ್ದುದೂ ಸಂತೋಷಕ್ಕೇ ಎಂದು ಈಗ ತಿಳಿಯಿತು. ಮೂರ್ತಪ್ಪ ಟೋಪಿ ತೆಗೆದು, ಬೆಳಗ್ಗೆಯಿಂದ ಮೊದಲ ಬಾರಿಗೆ ಒಂದು ಲೋಟ ನೀರು ಕುಡಿದರು.

"ಅವ್ವಾ, ಅಳೋದು ಸಾಕು. ಹಸಿವಾಗೈತೆ, ಏನಾದ್ರೂ ಕೊಡು," ಎಂದಳು ಜಯಶೀಲಾ, ಊದಿದ ತುಟಿಯಲ್ಲಿ.

ಸಿದ್ದಕ್ಕ ಕಣ್ಣೊರೆಸಿಕೊಂಡು ಎದ್ದರು. ಡಾಕ್ಟರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ತಪ್ಪು ತಿಳ್ಕಬ್ಯಾಡ್ರಿ ಡಾಕ್ಟ್ರಮ್ಮ. ನಿಮ್ಮ ಸರ್ಟಿಫಿಕೇಟ್ ಎಲ್ಲೈತೆ?"

ಚಿತ್ರಲಿಂಗಪ್ಪನಿಗೆ ನಾಚಿಕೆಯಾಗಿ, "ಲೇ ಸುಮ್ಕಿರೇ!" ಎಂದರು. ಡಾ. ಉಷಾರಾಣಿ ಜೋರಾಗಿ ನಕ್ಕು, ಕೈಹಿಡಿದು ಕರೆದೊಯ್ದು ತಮ್ಮ ಕೋಣೆಯ ಗೋಡೆ ತೋರಿಸಿದರು. ಸಿದ್ದಕ್ಕನಿಗೆ ಓದು ಬಾರದು. ಹೇಮಾವತಿಯಿಂದ ಮೊದಲಿನಿಂದ ಕೊನೆಯವರೆಗೆ ಓದಿಸಿಕೊಂಡೇ ಹೊರಬಂದರು.

ಜಯಶೀಲಾಳಿಗಿಂತ ಮುಂಚೆ ಮಾರುತೇಶನಿಂದ ಚುಚ್ಚಿಸಿಕೊಂಡಿದ್ದ ನಾಲ್ವರನ್ನು ಹೇಮಾವತಿ ಅಂದು ಸಂಜೆಯೊಳಗೆ ಪತ್ತೆ ಮಾಡಿದರು. ಒಬ್ಬರಿಗೂ ತೊಂದರೆಯಾಗಿರಲಿಲ್ಲ.

ಮರುದಿನ ಬೆಳಗ್ಗೆ 8.30ಕ್ಕೆ, ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು, ಮೂರ್ತಪ್ಪ ಆರೋಪಿಯ ಹೇಳಿಕೆ ಪಡೆದರು. ಕಾಟಪ್ಪ ಬರೆಯಲು ಕೂತರು.

"ಸಾರ್, ಆ ಹುಡುಗಿ?" ಎಂದು ಮಾರುತೇಶನೇ ಮೊದಲು ಕೇಳಿದ.

"ಮೂಗು ಉಳೀತು."

ಅವನು ಉಸಿರು ಬಿಟ್ಟ. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತ.

"ಸಿರಿಂಜು ಎಲ್ಲಿಂದ ತಂದೆ?"

"ಬೆಂಗಳೂರಿನ ಕ್ಲಿನಿಕ್ಕಿಂದ ಕದ್ದೆ ಸಾರ್. ಆರು. ನನಗೆ ಅಂತ್ಲೇ ಕದ್ದಿದ್ದು. ನನ್ನ ಮುಖ ನೋಡ್ರಿ. ಎರಡು ವರ್ಷ ದಿನಾ ಡಾಕ್ಟ್ರಿಗೆ ತಟ್ಟೆ ಹಿಡ್ಕಂಡು ನಿಂತಿದ್ದೆ. ಗುಳಿ ಇದ್ದೋರು ಬರೋರು, ನುಣ್ಣಗಾಗಿ ಹೋಗೋರು."

"ಮತ್ತೆ ನೀನೇ ಯಾಕೆ ಹಾಕ್ಕಳ್ಲಿಲ್ಲ?"

"ಕನ್ನಡಿ ಮುಂದೆ ನಿಂತೆ ಸಾರ್. ಸೂಜಿ ಕೆನ್ನೆ ಹತ್ರ ತಂದೆ. ಕೈ ನಡುಗಾಕೆ ಹತ್ತಿತು. ಸಾವಿರಾರು ಕುರಿಗೆ ಹಾಕಿದ ಕೈ, ಒಂದಿನಾನೂ ನಡುಗಿದ್ದಿಲ್ಲ. ಮೂರು ದಿನ ನಿಂತೆ, ಆಗ್ಲಿಲ್ಲ. ಬೇರೆ ಮುಖಕ್ಕೆ ಹಾಕಿ ಪಳಗಿಸ್ಕಂಡು ಆಮೇಲೆ ನಂದು ನೋಡ್ಕಳಾಣ ಅಂದ್ಕಂಡೆ."

"ಆ ಹುಡುಗಿಗೆ ಹಾಕುವಾಗ ಕೈ ನಡುಗ್ತಾ?"

ಮಾರುತೇಶ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

"ಇಲ್ಲ ಸಾರ್," ಎಂದ. "ಚೂರೂ ನಡುಗ್ಲಿಲ್ಲ."

ಕಾಟಪ್ಪ ಪೆನ್ನು ನಿಲ್ಲಿಸಿ ಸಾಹೇಬರ ಮುಖ ನೋಡಿದರು. "ಇದನ್ನೂ ಬರೀಲಾ ಸಾರ್?"

"ಬರ್ಕಳ್ರಿ," ಎಂದರು ಮೂರ್ತಪ್ಪ. "ಅವನು ಹೇಳಿದ ಮಾತಲ್ಲೇ ಬರ್ಕಳ್ರಿ."